ಗರಾಜಿನ ಹಾಟ್ ರಾಡ್ ಮತ್ತು ಅತ್ತೆಯ ಕುಂಕುಮ

ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನ ಗಣಪತಿಯವರು ತಮ್ಮ ಐವತ್ತೊಂದನೆಯ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಭೀಷ್ಮನೂ ಒಮ್ಮೆ ತಿರುಗಿ ನೋಡುವಂಥ ಪ್ರತಿಜ್ಞೆ ಮಾಡಿದರು.

"ಕೇಳು ರಾಜಿ! ನಮ್ಮ ಗರಾಜಿನಲ್ಲೇ, ನನ್ನ ಈ ಎರಡು ಕೈಯಲ್ಲೇ ಒಂದು ಹಾಟ್ ರಾಡ್ ಕಟ್ತೀನಿ!"

ರಾಜಿ ಅವರ ಧರ್ಮಪತ್ನಿ. ಹೆಸರು ಹಾಗಿದ್ದರೂ ಸುಲಭಕ್ಕೆ ರಾಜಿಯಾಗುವ ಪೈಕಿ ಅಲ್ಲ. ಅವಳು ಬಾಯಿ ತೆರೆಯುವ ಮೊದಲೇ, ವಾಟ್ಸ್‌ಆಪ್ ವಿಡಿಯೋದಲ್ಲಿ ಮೈಸೂರಿನಿಂದ ಇಣುಕುತ್ತಿದ್ದ ಅವಳ ತಾಯಿ ಅಲಮೇಲಮ್ಮ ಗಾಬರಿಯಾದರು.

"ಅಯ್ಯೋ ಅಳಿಯಂದ್ರೇ, ಅಮೆರಿಕದಲ್ಲೂ ಬಿಸಿನೀರಿಗೆ ತಾಪತ್ರಯವಾ? ಬಕೆಟ್ಟಿಗೆ ರಾಡ್ ಹಾಕಿ ಕಾಯಿಸಬೇಕಾ? ಶಾಕ್ ಹೊಡೆಯುತ್ತೆ, ಬೇಡಿ!"

ಗಣಪತಿಯವರು ಸಹನೆಯ ಮೂರ್ತಿಯಾಗಿ ವಿವರಿಸಿದರು. ಹಾಟ್ ರಾಡ್ ಎಂದರೆ ಹಳೆಯ ಕಾರೊಂದನ್ನು ತಂದು, ಅದರ ಮೈಕೈ ಕೊಯ್ದು, ಚಾವಣಿ ತಗ್ಗಿಸಿ, ದಪ್ಪ ಟೈರು ಹಾಕಿ, ಬೀದಿಯೆಲ್ಲ ನಡುಗುವ ಹಾಗೆ ಓಡಿಸುವುದು. ಅಮೆರಿಕದ ಗಂಡಸರು ಇದಕ್ಕೆ ಲಕ್ಷಗಟ್ಟಲೆ ಡಾಲರ್ ಸುರಿಯುತ್ತಾರೆ. ಗಣಪತಿಯವರ ಬಜೆಟ್ಟು ಎಂಟೇ ಸಾವಿರ, ಮೇಲೆ ಒಂದು ಸೆಂಟೂ ಇಲ್ಲ!

"ಹದಿನೈದು ವರ್ಷದಿಂದ ಅಡುಗೆಮನೆ ಡ್ರಾಯರ್ ಹಿಡಿ ಅಲ್ಲಾಡ್ತಾ ಇದೆ," ಎಂದಳು ರಾಜಿ. "ಒಂದು ಸ್ಕ್ರೂ ತಿರುಗಿಸೋಕೆ ಕೈ ಬಂದಿಲ್ಲ."

"ಡ್ರಾಯರ್ ಬೇರೆ, ಗಾಡಿ ಬೇರೆ. ನಾನೂ ಒಬ್ಬ ಎಂಜಿನಿಯರು ಕಣೇ!"

ಅವರು ಎಂಜಿನಿಯರು ಹೌದು. ಇನ್ಶೂರೆನ್ಸ್ ಕಂಪನಿಯೊಂದರ ಡೇಟಾಬೇಸನ್ನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದಾರೆ. ಆ ಅವಧಿಯಲ್ಲಿ ಅವರ ಬೆರಳಿಗೆ ಗ್ರೀಸು ತಾಗಿದ್ದು ಒಂದೇ ಸಲ, ಅದೂ ಟ್ರೆಡ್‌ಮಿಲ್ಲಿನದು.

ಮುಂದಿನ ವಾರವೇ ಟ್ರೇಲರಿನ ಮೇಲೆ ಬಂದಿಳಿಯಿತು ಒಂದು ಮುದಿ ಬೀಟಲ್ ಕಾರು. ಅಮೆರಿಕದಲ್ಲಿ ನಮ್ಮವರ ಗರಾಜು ಹೇಗಿರುತ್ತದೆಂದು ಗೊತ್ತಲ್ಲ? ಅರ್ಧಕ್ಕೆ ಎರಡನೇ ಫ್ರಿಡ್ಜು, ಅಕ್ಕಿ ಮೂಟೆ, ಬೇಳೆ ಡಬ್ಬ, ಉಪ್ಪಿನಕಾಯಿ ಜಾಡಿ. ಇನ್ನರ್ಧ ರಾಜಿಯ ಕಾರಿನದು. ಆ ಅರ್ಧವನ್ನು ಬೀಟಲ್ ನುಂಗಿತು. ರಾಜಿಯ ಕಾರು ಡ್ರೈವ್‌ವೇಗೆ ಬಿತ್ತು.

ಗಣಪತಿಯವರ ಉಳಿತಾಯ ಕಾರ್ಯಕ್ರಮ ಅಮೋಘವಾಗಿತ್ತು. ಸೀಟಿಗೆ ಬೇಸ್‌ಮೆಂಟಿನ ಸೋಫಾದ ದಿಂಬು. ಗೇರಿನ ಹಿಡಿಗೆ ಹಳೆಯ ಪ್ರೆಶರ್ ಕುಕ್ಕರಿನ ಹಿಡಿ. ಮೈಗೆ, ಮಗಳು ಅನಿಕಾಳ ಕೋಣೆಗೆ ಬಳಿದು ಉಳಿದಿದ್ದ ನೇರಳೆ ಬಣ್ಣ. "ಅಪ್ಪಾ, ದಟ್ಸ್ ವಾಲ್ ಪೇಂಟ್!" ಎಂದು ಹದಿನೈದರ ಹುಡುಗಿ ಕಿರುಚಿದಳು. "ಬಣ್ಣಕ್ಕೆ ಗೋಡೆ ಯಾವುದು, ಗಾಡಿ ಯಾವುದು ಅಂತ ಗೊತ್ತಾಗುತ್ತಾ ಮಗಳೇ?" ಎಂದರು ಅಪ್ಪ.

ಚಾವಣಿಯನ್ನು ನಾಲ್ಕಂಗುಲ ತಗ್ಗಿಸಿದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು. ಗಣಪತಿಯವರು ಆರಡಿ ಆಳು. ಒಳಗೆ ಕೂತರೆ ಗದ್ದ ಎದೆಗೆ ತಾಗುತ್ತಿತ್ತು, ಮುಂದಿನ ಗಾಜು ಅಂಚೆ ಡಬ್ಬದ ಬಾಯಷ್ಟು ಅಗಲ ಉಳಿದಿತ್ತು. ರಾಜಿ ಬಾಗಿಲಲ್ಲಿ ನಿಂತು ನೋಡಿದಳು.

"ಇಪ್ಪತ್ತು ವರ್ಷದ ಸಂಸಾರದಲ್ಲಿ ನೀವು ನನ್ನ ಮುಂದೆ ತಲೆ ತಗ್ಗಿಸಿದ್ದು ಇದೇ ಮೊದಲು ರೀ."

ಈ ಎಲ್ಲ ಸಾಹಸವನ್ನು ಪಕ್ಕದ ಮನೆಯ ಟೋನಿ ತನ್ನ ಲಾನ್ ಚೇರಿನಲ್ಲಿ ಕೂತು ನೋಡುತ್ತಿದ್ದ. ನಲವತ್ತು ವರ್ಷ ಬರೀ ಗೇರ್‌ಬಾಕ್ಸ್ ರಿಪೇರಿ ಮಾಡಿ ರಿಟೈರ್ ಆದ ಮನುಷ್ಯ. ಒಂದು ದಿನ ತಡೆಯಲಾರದೆ ಎದ್ದು ಬಂದ. ಗಣಪತಿಯವರು ಅವನ ಬಾಯಲ್ಲಿ 'ಗ್ಯಾನ್' ಆಗಿದ್ದರು.

"ಗ್ಯಾನ್, ಉಳಿದದ್ದು ನೀನೇ ಮಾಡಿಕೋ. ಗೇರ್‌ಬಾಕ್ಸ್ ಒಂದನ್ನು ನನಗೆ ಬಿಡು. ಫ್ರೀ!"

"ನೋ ಥ್ಯಾಂಕ್ಸ್ ಟೋನಿ. ಐ ಹ್ಯಾವ್ ಸೀನ್ ಆಲ್ ದ ವಿಡಿಯೋಸ್!"

ಹೀಗೆ ಎರಡು ಚಳಿಗಾಲ ಕಳೆದವು. ಎರಡೂ ಚಳಿಗಾಲದಲ್ಲಿ ರಾಜಿ ಬೆಳಿಗ್ಗೆ ಐದೂವರೆಗೆ ಎದ್ದು, ಕಾರಿನ ಮೇಲಿನ ಸ್ನೋ ಕೆರೆದು, ಆಸ್ಪತ್ರೆಯ ಫಾರ್ಮಸಿಗೆ ಡ್ಯೂಟಿಗೆ ಹೋದಳು. ಎರಡನೆಯ ಮಾರ್ಚಿನ ಕೊನೆಯ ಸ್ನೋ ಬಿದ್ದ ದಿನ, ಕೆರೆಯುವ ಕೋಲನ್ನು ಕೈಯಲ್ಲೇ ಹಿಡಿದು ಒಳಗೆ ಬಂದಳು. ಶೂಲ ಹಿಡಿದ ಚಾಮುಂಡಿಯೇ!

"ಕೇಳಿಸ್ಕೊಳ್ಳಿ. ಈ ಸಲದ ಆಯುಧಪೂಜೆ ದಿನ ನಿಮ್ಮ ಗಾಡಿ ಸ್ವಂತ ಎಂಜಿನ್‌ನಲ್ಲಿ ಗರಾಜಿಂದ ಹೊರಟು ರಸ್ತೆ ಮುಟ್ಟಬೇಕು. ಮುಟ್ಟಿದ್ರೆ ಇರಲಿ, ಹಿತ್ತಲಲ್ಲಿ ಷೆಡ್ ಹಾಕ್ಸೋಣ. ಮುಟ್ಟಲಿಲ್ವಾ, ಮಾರನೇ ದಿನ ಟೋ ಟ್ರಕ್!"

ಆಫೀಸಿನಲ್ಲಿ ಗಣಪತಿಯವರಿಗೊಬ್ಬ ಬಾಸು, ಆ ಬಾಸಿಗೊಬ್ಬ ಬಾಸು. ಮನೆಯಲ್ಲಿ ರಾಜಿ. ಇಡೀ ಜಗತ್ತಿನಲ್ಲಿ ಅವರ ಮಾತು ನಡೆಯುವ ಜಾಗ ಅದೊಂದೇ ನೇರಳೆ ಗಾಡಿ. ಅದು ಟೋ ಟ್ರಕ್ಕಿನ ಕೊಕ್ಕೆಗೆ ನೇತಾಡುತ್ತ ಹೋಗುವ ದೃಶ್ಯ ಅವರಿಗೆ ಊಟದ ತಟ್ಟೆಯಲ್ಲೂ ಕಾಣತೊಡಗಿತು.

ಉಳಿದದ್ದು ಗೇರ್‌ಬಾಕ್ಸ್ ಒಂದೇ. ಅದನ್ನು ಬಿಚ್ಚಿ, ಹಳೆಯ ಬೆಡ್‌ಶೀಟಿನ ಮೇಲೆ ಹರಡಿದರು. ಯಾವುದು ಎಡ, ಯಾವುದು ಬಲ ಎಂದು ಗುರುತು ಮಾಡಿಕೊಳ್ಳಬೇಕು. "ಪೇಂಟ್ ಮಾರ್ಕರ್ ತಂದುಕೋ," ಎಂದ ಟೋನಿ ಬೇಲಿಯಾಚೆಯಿಂದ. ಪೇಂಟ್ ಮಾರ್ಕರ್! ದೇವರ ಮನೆಯಲ್ಲಿ ಡಬ್ಬದ ತುಂಬ ಕುಂಕುಮ ಇರುವಾಗ! ಗ್ರೀಸು ಮೆತ್ತಿದ ಕಬ್ಬಿಣಕ್ಕೆ ಕುಂಕುಮ ಎಷ್ಟು ಚೆನ್ನಾಗಿ ಅಂಟುತ್ತದೆ ಎಂದು ಕಂಡುಹಿಡಿದ ಮೊದಲ ಎಂಜಿನಿಯರು ನಾನೇ ಎಂದು ಗಣಪತಿಯವರು ಬೀಗಿದರು.

ಅಷ್ಟು ಹೊತ್ತಿಗೆ ಅತ್ತೆ ಅಲಮೇಲಮ್ಮ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಅಳಿಯಂದಿರು ತಮ್ಮ ಪದ್ಧತಿಯನ್ನು ಅವರಿಗೆ ಬಿಚ್ಚಿ ಹೇಳಿದರು.

"ನೋಡಿ ಅತ್ತೆ, ಬಲು ಸುಲಭ. ಕುಂಕುಮ ಇರೋ ಮುಖ ಎಡಕ್ಕೆ, ಇಲ್ಲದೇ ಇರೋದು ಬಲಕ್ಕೆ. ತಪ್ಪೋ ಮಾತೇ ಇಲ್ಲ!"

"ಕುಂಕುಮ ಎಡಕ್ಕಾ?" ಎಂದರು ಅಲಮೇಲಮ್ಮ. ಮಜ್ಜಿಗೆ ಬಡಿಸಿಕೊಂಡರು.

ಸೆಪ್ಟೆಂಬರಿನಲ್ಲಿ ಗಣಪತಿಯವರು ಕುಂಕುಮ ನೋಡಿ ನೋಡಿ, ಒಂದೊಂದೇ ಭಾಗ ಕೂರಿಸಿ, ಗೇರ್‌ಬಾಕ್ಸ್ ಮುಚ್ಚಿದರು. ಎಂಜಿನ್ನು ಒಂದೇ ಸಲಕ್ಕೆ ಗುಡುಗಿತು. ಗೇರು ಹಾಕಿ ಒಂದಿಷ್ಟು ಹಿಂದೆ ಮುಂದೆ ಓಡಿಸಿ ನೋಡೋಣವೆಂದರೆ ಅತ್ತೆ ಅಡ್ಡ ನಿಂತರು.

"ಹೊಸ ಗಾಡಿ. ಪೂಜೆ ಆಗೋ ತನಕ ಚಕ್ರ ಉರುಳಕೂಡದು!"

ಉರುಳಲಿಲ್ಲ.

ಆಯುಧಪೂಜೆ ಪಂಚಾಂಗದಲ್ಲಿ ವಾರದ ನಡುವೆ ಬಂದಿತ್ತು. ನ್ಯೂಜೆರ್ಸಿಯ ಸಂಪ್ರದಾಯದಂತೆ ಅದು ಶನಿವಾರಕ್ಕೆ ಸರಿಯಿತು. ಹದಿನೈದು ಇಪ್ಪತ್ತು ಜನ ಸ್ನೇಹಿತರು ಬಂದರು. ಟೋನಿ ಕೂಡ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದ. ಗಾಡಿ ಗರಾಜಿನೊಳಗೆ, ಮುಖ ಬಾಗಿಲ ಕಡೆ ಮಾಡಿ ನಿಂತಿತ್ತು. ಬೆನ್ನ ಹಿಂದೆ ಅಕ್ಕಿ ಮೂಟೆಗಳ ಸಾಲು. ಅಲಮೇಲಮ್ಮ ಗಾಡಿಗೆ ಅರಿಸಿನ ಕುಂಕುಮವಿಟ್ಟು, ದಪ್ಪನೆಯ ಚೆಂಡುಹೂವಿನ ಹಾರವನ್ನು ಅಡ್ಡಡ್ಡ ಇಳಿಬಿಟ್ಟರು. ಅಂಚೆ ಡಬ್ಬದ ಬಾಯಷ್ಟಿದ್ದ ಗಾಜು ಹೂವಿನ ಹಿಂದೆ ಪೂರ್ತಿ ಮಾಯವಾಯಿತು. ಮಂಗಳಾರತಿ ಆಯಿತು, ಬೂದುಗುಂಬಳ ಒಡೆದದ್ದಾಯಿತು, ಮುಂದಿನ ಎರಡು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದೂ ಆಯಿತು.

"ಹತ್ತಿ ಅಳಿಯಂದ್ರೇ! ಹಣ್ಣಿನ ಮೇಲೆ ಹಾಯಿಸಿ ರಸ್ತೆಗೆ ತನ್ನಿ!"

ಗಣಪತಿಯವರು ಕುತ್ತಿಗೆ ಮಡಚಿ ಒಳಗೆ ತೂರಿಕೊಂಡರು. ಎದುರಿಗೆ ಹೂವು ಬಿಟ್ಟರೆ ಬೇರೇನೂ ಕಾಣದು. ಪರವಾಗಿಲ್ಲ, ನೇರ ಮುಂದೆ ಹೋಗುವುದು ತಾನೇ! ಎಂಜಿನ್ ಚಾಲೂ ಮಾಡಿದರು. ಉಳಿತಾಯಕ್ಕೆಂದು ಸೈಲೆನ್ಸರ್ ಹಾಕಿರಲಿಲ್ಲ. ಗರಾಜೇ ಎದ್ದು ಹಾರಿತೇನೋ ಎನ್ನುವಂಥ ಸದ್ದು. ಹೊರಗೆ ಅನಿಕಾ "ಅಜ್ಜೀ! ಸ್ಟಾಪ್! ಅಪ್ಪಾ, ಸ್ಟಾಪ್!" ಎಂದು ಕಿರುಚಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಕುಕ್ಕರಿನ ಹಿಡಿಯನ್ನು ಫಸ್ಟ್ ಗೇರಿಗೆ ತಳ್ಳಿದರು. "ಜೈ ಚಾಮುಂಡೇಶ್ವರಿ!" ಎಂದು ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿದರು.

ಗಾಡಿ ಬಾಣದ ಹಾಗೆ ಚಿಮ್ಮಿತು. ಹಿಂದಕ್ಕೆ!

ಧಡಾರ್! ಆರು ಮೂಟೆ ಸೋನಾ ಮಸೂರಿ ಒಟ್ಟಿಗೆ ಒಡೆದು ಮಳೆಗರೆಯಿತು. ಉಪ್ಪಿನಕಾಯಿ ಜಾಡಿಯೊಂದು ಗಾಳಿಯಲ್ಲಿ ತೇಲಿ, ಕಿಟಕಿಯೊಳಗೆ ತೂರಿ, ಗಣಪತಿಯವರ ಮೇಲೆ ಅರ್ಧ ರಸ ಚೆಲ್ಲಿ, ಪಕ್ಕದ ಸೋಫಾ ದಿಂಬಿನ ಮೇಲೆ ಕ್ಷೇಮವಾಗಿ ಇಳಿಯಿತು. ಎಂಜಿನ್ ಕೆಮ್ಮಿ ನಿಂತಿತು.

ಗಣಪತಿಯವರು ಮಾವಿನ ಮಿಡಿಯ ರಸ ಒರೆಸಿಕೊಳ್ಳುತ್ತ, ಕೆಂಡಾಮಂಡಲರಾಗಿ ಹೊರಗೆ ಬಂದರು. ಯಾರೋ ತನ್ನ ಗಾಡಿಗೆ ಕೈ ಹಾಕಿದ್ದಾರೆ! ಯಾರೋ ಏನೋ ಮಾಡಿದ್ದಾರೆ! ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಒಬ್ಬರೂ ನಗುತ್ತಿರಲಿಲ್ಲ. ಗಾಡಿ ನಿಂತಿದ್ದ ಜಾಗದ ಮುಂದೆಯೇ, ನೆಲದ ಮೇಲೆ, ಅಲಮೇಲಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಒಂದು ನಿಂಬೆಹಣ್ಣು. ರಾಜಿ ತಾಯಿಯನ್ನು ಗಟ್ಟಿಯಾಗಿ ತಬ್ಬಿಕೊಂಡಿದ್ದಳು.

"ಹಣ್ಣು ಉರುಳಿಬಿಡ್ತು," ಎಂದರು ಅಲಮೇಲಮ್ಮ. "ಸರಿಯಾಗಿ ಇಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ ನೀವು ಹೊರಟೇಬಿಟ್ರಿ."

"ಅಮ್ಮ ಚಕ್ರದ ಮುಂದೇನೇ ಇದ್ರು ರೀ." ರಾಜಿ ತಾಯಿಯನ್ನು ಬಿಡಲಿಲ್ಲ. "ಮುಂದೇನೇ."

ಗಣಪತಿಯವರು ಅಕ್ಕಿಯ ರಾಶಿಯ ಮೇಲೆ ಕೂತರು. ಗಾಡಿ ಮುಂದೆ ಹೋಗಿದ್ದರೆ? ಮುಂದಿನದನ್ನು ನೆನೆಯುವ ಧೈರ್ಯ ಅವರಿಗಿರಲಿಲ್ಲ. ಇಪ್ಪತ್ತು ಜನರ ಎದುರು, ಐವತ್ತು ದಾಟಿದ ಆ ಗಂಡಸು ಅತ್ತೆಯ ಕಾಲು ಹಿಡಿದು ಅತ್ತುಬಿಟ್ಟರು.

"ಏಳಿ ಏಳಿ, ನನಗೇನಾಗಿದೆ? ಅಕ್ಕಿ ಹೋಯ್ತಲ್ಲ ಅಂತ ನನಗೆ ಸಂಕಟ," ಎಂದು ಅಲಮೇಲಮ್ಮ ಅವರ ತಲೆ ಸವರಿದರು.

ಟೋನಿ ಗಾಡಿಯ ಕೆಳಗೆ ತೂರಿ, ಗೇರು ಹಾಕಿಸಿ, ಚಕ್ರ ತಿರುಗಿಸಿ ನೋಡಿ, ನಿಧಾನಕ್ಕೆ ಹೊರಬಂದ. ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಗ್ಯಾನ್, ಕಂಗ್ರಾಜುಲೇಷನ್ಸ್! ನಿನ್ನ ಗಾಡಿಗೆ ನಾಲ್ಕು ರಿವರ್ಸ್ ಗೇರು, ಮುಂದಕ್ಕೆ ಒಂದೇ. ಒಳಗಿನ ದೊಡ್ಡ ಹಲ್ಲಿನ ಚಕ್ರವನ್ನು ತಿರುವುಮುರುವು ಕೂರಿಸಿದ್ದೀಯ."

"ಇಂಪಾಸಿಬಲ್! ನಾನೇ ಕುಂಕುಮ ಇಟ್ಟು ಗುರುತು ಮಾಡಿದ್ದೆ! ಎಡ ಮುಖಕ್ಕೆ!"

"ಆ ದೊಡ್ಡ ಚಕ್ರವಾ?" ಅಲಮೇಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಅದನ್ನ ನಾನು ಒಂದು ಶುಕ್ರವಾರ ಒರೆಸಿ, ಕುಂಕುಮಾನ ಆ ಕಡೆಗೆ ಇಟ್ಟೆ ಅಳಿಯಂದ್ರೇ. ಸುತ್ತ ಹಲ್ಲು, ಥೇಟ್ ಸುದರ್ಶನ ಇದ್ದ ಹಾಗಿದೆ. ಭಗವಂತ ಅದನ್ನ ಹಿಡಿಯೋದು ಬಲಗೈಲಿ! ಎಡಕ್ಕೆ ಕುಂಕುಮ ಇಟ್ರೆ ಮನೆಗೆ ಒಳ್ಳೇದಾ? ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ ಹೇಳಲಿಲ್ಲ."

ಗಣಪತಿಯವರು ಅತ್ತೆಯನ್ನು ನೋಡಿದರು. ಅವರ ಕೈಯಲ್ಲಿದ್ದ ನಿಂಬೆಹಣ್ಣನ್ನು ನೋಡಿದರು. ಎರಡೂ ಕೈ ಜೋಡಿಸಿದರು.

"ಒಳ್ಳೇ ಕೆಲಸ ಮಾಡಿದ್ರಿ ಅತ್ತೆ. ಇನ್ಮೇಲೆ ಎಲ್ಲಾದಕ್ಕೂ ನೀವೇ ಇಡಿ."

ಆದರೆ ರಾಜಿ ಕರಗಲಿಲ್ಲ. "ಗಾಡಿ ರಸ್ತೆ ಮುಟ್ಟಿಲ್ಲ. ನಾಳೆ ಟೋ ಟ್ರಕ್," ಎಂದಳು. ಗಣಪತಿಯವರು ತಲೆಯಾಡಿಸಿದರು. ವಾದಿಸಲು ಅವರಿಗೆ ಮುಖವಿರಲಿಲ್ಲ. ಅತ್ತೆ ಉಳಿದಿದ್ದರು, ಅಷ್ಟು ಸಾಕಾಗಿತ್ತು.

ಮಗಳನ್ನು ತಡೆದದ್ದು ಅಲಮೇಲಮ್ಮನೇ. "ನನ್ನ ಮೇಲೆ ಹಾಯದೇ ಇದ್ದದ್ದಕ್ಕೆ ಆ ಗಾಡಿಗೆ ಶಿಕ್ಷೇನಾ? ಇನ್ನೂ ಹೊತ್ತು ಮುಳುಗಿಲ್ಲ ಕಣೇ. ನಿನ್ನ ಮಾತಿಗೆ ಇನ್ನೂ ಟೈಮಿದೆ."

"ರಿವರ್ಸ್ ಹಾಕು ಗ್ಯಾನ್," ಎಂದ ಟೋನಿ. "ರಿವರ್ಸ್ ಹಾಕಿದರೆ ಮುಂದೆ ಹೋಗುತ್ತೆ."

ಹಾರ ತೆಗೆದರು, ಅತ್ತೆಯ ಕೈಯಲ್ಲಿದ್ದ ನಿಂಬೆಹಣ್ಣನ್ನು ಚಕ್ರದ ದಾರಿಯಲ್ಲಿ ಮತ್ತೆ ಇಟ್ಟರು. ಎಲ್ಲರನ್ನೂ ಟೋನಿಯ ಲಾನಿಗೆ ಸಾಗಿಸಿದರು. ಅಲಮೇಲಮ್ಮನ ಎರಡೂ ಕೈಯನ್ನು ಅನಿಕಾ ಬಿಗಿಯಾಗಿ ಹಿಡಿದು ನಿಂತಳು. ರಾಜಿ ಡ್ರೈವ್‌ವೇಯ ಕೊನೆಯಲ್ಲಿ, ಒಂದು ಪಕ್ಕಕ್ಕೆ, ಅಂಪೈರಿನ ಹಾಗೆ ನಿಂತಳು. ಗಣಪತಿಯವರು ಮೂರು ಸಲ ಎಡಬಲ ನೋಡಿ, ನಾಲ್ಕನೇ ಸಲ ಅತ್ತೆ ಎಲ್ಲಿದ್ದಾರೆಂದು ನೋಡಿ, ಕುಕ್ಕರಿನ ಹಿಡಿಯನ್ನು ರಿವರ್ಸಿಗೆ ಎಳೆದರು.

ಗಾಡಿ ಗುಡುಗುತ್ತ, ಮೈಮೇಲಿನ ಅಕ್ಕಿ ಉದುರಿಸುತ್ತ, ಮದುವೆ ಹೆಣ್ಣಿನಷ್ಟು ನಿಧಾನವಾಗಿ ಮುಂದೆ ಬಂತು. ನಿಂಬೆಹಣ್ಣು ಪಚಕ್! ಎರಡನೆಯದೂ ಪಚಕ್! ಡ್ರೈವ್‌ವೇ ಮುಗಿಯಿತು. ಮುಂದಿನ ಎರಡೂ ಚಕ್ರ ರಸ್ತೆ ಮುಟ್ಟಿದವು. ಲಾನಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ರಾಜಿ ಕಿಟಕಿಯ ಬಳಿ ಬಂದು ಬಗ್ಗಿದಳು. ಕಣ್ಣು ಇನ್ನೂ ಒದ್ದೆಯಾಗಿತ್ತು, ತುಟಿಯ ಮೂಲೆಯಲ್ಲಿ ನಗುವಿತ್ತು.

"ಇರಲಿ ಬಿಡಿ ಗಾಡಿ. ಆದ್ರೆ ಗೇರ್‌ಬಾಕ್ಸ್ ಟೋನಿ ಕೈಗೆ."

"ಕೊಡ್ತೀನಿ."

"ಇದು ನೀವೇ ಕಟ್ಟಿದ ಗಾಡಿ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ ರೀ. ಹಿಂದೆ ಹೋಗು ಅಂದ್ರೇನೇ ಮುಂದೆ ಬರೋದು. ಇಂಥದ್ದೊಂದನ್ನ ನಾನು ಇಪ್ಪತ್ತೆರಡು ವರ್ಷದಿಂದ ಓಡಿಸ್ತಾ ಇದೀನಿ."

ಇದಕ್ಕೊಂದು ತಕ್ಕ ಉತ್ತರ ಕೊಡಲೇಬೇಕೆಂದು ಗಣಪತಿಯವರು ತಲೆ ಎತ್ತಿದರು. ಚಾವಣಿ ಠಣ್ ಎಂದಿತು.