ಮಂಡಳಿಯ ಜೀಪು ಸೌಮ್ಯವಾಗಿ ತಿರುಗಿದ ಬಗೆ

ನಮ್ಮ ವಲಯ ಮಹಿಳಾ ಹೊಲಿಗೆ ತರಬೇತಿ ಮಂಡಳಿಯ ಜೀಪಿಗೆ ಫೆಬ್ರುವರಿ ಹದಿನಾರರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಫ್-ರೋಡ್ ಬಂಪರ್ ಅಳವಡಿಸಲಾಯಿತು. ಅಳವಡಿಕೆ ಯಶಸ್ವಿಯಾಗಿದೆ. ಅಂದಿನಿಂದ ಜೀಪು ತಿರುಗುತ್ತಿಲ್ಲ.

ಈ ಎರಡು ಸಂಗತಿಗಳಿಗೆ ಸಂಬಂಧ ಕಲ್ಪಿಸಿ ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನಗುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ಆದ್ದರಿಂದ ಮಂಡಳಿಯ ಗೌರವ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಮಂಡಳಿಯ ಕಚೇರಿ ಊರಿಗಾಂನಲ್ಲಿ, ಚಿನ್ನದ ಗಣಿ ಕಂಪನಿಯ ಹಳೆಯ ಬಂಗಲೆಯೊಂದರಲ್ಲಿದೆ. ನಮ್ಮ ಅಧೀನದಲ್ಲಿ ಆರು ಹೊಲಿಗೆ ಕೇಂದ್ರಗಳಿವೆ. ನಿಯಮ ಒಂಬತ್ತರ ಪ್ರಕಾರ ಪ್ರತಿಯೊಂದು ಕೇಂದ್ರವನ್ನೂ ವರ್ಷಕ್ಕೊಮ್ಮೆ, ಮಾರ್ಚ್ ಮೂವತ್ತೊಂದರ ಒಳಗೆ, ಪರಿವೀಕ್ಷಕಿಯು ಮಂಡಳಿಯ ವಾಹನದಲ್ಲಿಯೇ ಹೋಗಿ ನೋಡತಕ್ಕದ್ದು. ನೋಡದ ಕೇಂದ್ರವನ್ನು ಇಲ್ಲವೆಂದು ಭಾವಿಸಿ, ಅದರ ಹೊಲಿಗೆ ಯಂತ್ರಗಳನ್ನು ಹಿಂದಕ್ಕೆ ಪಡೆಯತಕ್ಕದ್ದು. ನಿಯಮ ಸ್ಪಷ್ಟವಾಗಿದೆ.

ಬಂಪರ್ ಏಕೆ ಬೇಕಾಯಿತು ಎಂಬ ಪ್ರಶ್ನೆಗೂ ಉತ್ತರವಿದೆ. ದುರ್ಗಮ ಪ್ರದೇಶಗಳ ಭೇಟಿಗೆಂದು ಒಂದು ಅನುದಾನ ಬಂದಿತ್ತು. ನಮ್ಮಲ್ಲಿ ದುರ್ಗಮ ಪ್ರದೇಶ ಯಾವುದು ಎಂದು ನಾನು ಕೇಳಿದಾಗ, ಅಧ್ಯಕ್ಷರಾದ ಶ್ರೀ ಕೋದಂಡಪ್ಪನವರು ಎದ್ದು ಕಿಟಕಿ ತೆರೆದು, ಗಣಿಯ ತ್ಯಾಜ್ಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬವನ್ನು ತೋರಿಸಿದರು. ದಿಬ್ಬದ ಮೇಲೆ ನಮ್ಮ ಕೇಂದ್ರವಿಲ್ಲ. ಆದರೆ ದಿಬ್ಬ ಇತ್ತು. ಸಭೆ ಒಪ್ಪಿತು.

ಬಂಪರ್ ಕಪ್ಪು ಬಣ್ಣದ್ದು, ದಪ್ಪ ಉಕ್ಕಿನದು, ಎರಡು ಕೆಂಪು ಕೊಕ್ಕೆಗಳುಳ್ಳದ್ದು. ಜೀಪು ನದಿಯಲ್ಲಿ ಸಿಕ್ಕಿಬಿದ್ದರೆ ಆ ಕೊಕ್ಕೆಗಳಿಗೆ ಹಗ್ಗ ಕಟ್ಟಿ ಎಳೆಯಬಹುದಂತೆ. ನಮ್ಮ ಪಾಲಾರ್ ನದಿಯಲ್ಲಿ ಜೀಪು ಸಿಕ್ಕಿಬೀಳುವಷ್ಟು ನೀರು ಬಂದ ವರ್ಷ ಇದು ಉಪಯೋಗಕ್ಕೆ ಬರುತ್ತದೆ.

ಅಳವಡಿಸಿದವನು ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ವೇಣು. ಹಾರ ಹಾಕಿ, ತೆಂಗಿನಕಾಯಿ ಒಡೆದು, ಚಾಲಕ ಸೆಲ್ವರಾಜ್ ಜೀಪನ್ನು ಗೇಟಿನ ಬಳಿ ತಿರುಗಿಸಿದರು. ಕರ್ರ್ ಎಂದು ಸದ್ದಾಯಿತು. ಸುಟ್ಟ ರಬ್ಬರಿನ ವಾಸನೆ ಬಂತು. ಗಾಬರಿಯಲ್ಲಿ ಸೆಲ್ವರಾಜ್ ಹಾರ್ನ್ ಒತ್ತಿದರು. ನೆಗಡಿಯಾದ ಎಮ್ಮೆಯಂತೆ ಅದು ಕೂಗಿತು.

ವೇಣು ನೆಲಕ್ಕೆ ಮಲಗಿ ನೋಡಿದ.

"ಬಂಪರ್ ಮೂಲೆ ಟೈರ್‌ಗೆ ತಗುಲ್ತಾ ಐತೆ ಮೇಡಂ. ಎರಡು ಕಡೇನೂ. ಸ್ಟೀರಿಂಗು ಒಂಚೂರು ತಿರುಗಿಸಿದ್ರೆ ಪರವಾಗಿಲ್ಲ. ಜಾಸ್ತಿ ತಿರುಗಿಸಿದ್ರೆ ಟೈರ್ನ ಕೆರೀತದೆ."

"ಹಾರ್ನ್ ಏಕೆ ಹೀಗೆ?"

"ಅದ್ರ ಬಾಯಿಗೂ ಬಂಪರ್ ಒತ್ಕೊಂಡೈತೆ."

"ಸರಿಪಡಿಸಲು ಎಷ್ಟು ದಿನ ಬೇಕು?"

"ದಿನ ಯಾಕ್ ಮೇಡಂ? ನಾಲ್ಕು ಬೋಲ್ಟು ಸಡಿಲ ಮಾಡಿ, ಹಿಂದುಗಡೆ ದಪ್ಪ ವಾಷರ್ ಕೊಟ್ಟು, ಬಂಪರ್ನ ಅರ್ಧ ಇಂಚು ಮುಂದಕ್ಕೆ ತತ್ತೀನಿ. ಮೂಲೆ ಒಸಿ ಗ್ರೈಂಡ್ ಮಾಡ್ತೀನಿ. ಹಾರ್ನ್ ಪಕ್ಕದ್ ತೂತ್ಗೆ ಆಕ್ತೀನಿ. ನೀವು ಟೀ ಕುಡ್ದು ಲೋಟ ಇಡೋಷ್ಟ್ರಲ್ಲಿ ಆಗೋಯ್ತದೆ."

ಅವನು ಸ್ಪ್ಯಾನರ್ ತೆಗೆದುಕೊಂಡ. ನಾನು ಅವನ ಕೈ ತಡೆದೆ. ಏಕೆಂದರೆ ಅಷ್ಟರಲ್ಲಿ ಆಸ್ತಿ ಸಂಖ್ಯೆ ಬರೆದಾಗಿತ್ತು.

ಮಂಡಳಿಯ ಯಾವುದೇ ಹೊಸ ವಸ್ತುವಿನ ಮೇಲೆ ಒಂದು ಗಂಟೆಯೊಳಗೆ ಬಿಳಿ ಬಣ್ಣದಲ್ಲಿ ಆಸ್ತಿ ಸಂಖ್ಯೆ ಬರೆಯುವುದು ನಮ್ಮ ಶಿಸ್ತು. ಬರೆಯುವವರು ದೊಡ್ಡ ಅಕ್ಷರದ ಅಭಿಮಾನಿ. ಬಂಪರ್ ಸಾಲದ ಕಾರಣ ಅವರು ಸಂಖ್ಯೆಯನ್ನು ಎಡಗಡೆಯ ಮಡ್‌ಗಾರ್ಡ್‌ನಿಂದ ಆರಂಭಿಸಿ ಬಂಪರ್ ಮೇಲೆ ಮುಗಿಸಿದ್ದರು. ಈಗ ಬಂಪರ್ ಅರ್ಧ ಇಂಚು ಸರಿದರೆ ಸಂಖ್ಯೆ ನಡುವೆ ಹರಿಯುತ್ತದೆ. ಅಂತ್ಯವಿಲ್ಲದ ಜೀಪು ಒಂದು, ಆದಿಯಿಲ್ಲದ ಬಂಪರ್ ಇನ್ನೊಂದು, ಹೀಗೆ ಎರಡು ಅಪರಿಚಿತ ಆಸ್ತಿಗಳು ಮಂಡಳಿಯ ಅಂಗಳದಲ್ಲಿ ನಿಲ್ಲುತ್ತವೆ. ಸಂಖ್ಯೆಯನ್ನು ಹೊಸದಾಗಿ ಬರೆಯಲು ಏಪ್ರಿಲ್ ತಿಂಗಳ ವಾರ್ಷಿಕ ತಪಾಸಣೆಯವರೆಗೆ ಅವಕಾಶವಿಲ್ಲ.

ಈ ಹೊತ್ತಿಗೆ ಸರಿಯಾಗಿ ಹಾಜರಿ ಪುಸ್ತಕ ಕೊಡಲು ಕದಿರಮ್ಮ ಬಂದಿದ್ದರು. ಇವರು ಕಾಮಸಮುದ್ರದ ಆಚೆಯ ಚಿಕ್ಕಗುಟ್ಟಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ನಮ್ಮ ಕೇಂದ್ರ ನಡೆಸುತ್ತಿದ್ದಾರೆ. ಇಪ್ಪತ್ತೆರಡು ಹುಡುಗಿಯರು, ಇಪ್ಪತ್ತೆರಡು ಯಂತ್ರಗಳು. ಹುಡುಗಿಯರೆಲ್ಲ ಮೊದಲು ಕೂಲಿಗೆ ಹೋಗುತ್ತಿದ್ದವರು.

"ಅಮ್ಮಾ, ನಮ್ಮೂರ್ಗೆ ಜೀಪು ಯಾವಾಗ ಬತ್ತದೆ?"

"ಜೀಪು ತಿರುಗಿದಾಗ."

"ತಿರುಗ್ದೆ ಓದ್ರೆ?"

"ನಿಯಮ ಒಂಬತ್ತನ್ನು ಓದಿಕೊಳ್ಳಿ."

"ಓದಿವ್ನಿ ಕಣಮ್ಮಾ. ಅದ್ಕೇ ಕೇಳ್ತಾ ಇರೋದು. ಮಿಷನ್ನು ಎತ್ಕೊಂಡೋದ್ರೆ ಆ ಉಡ್ಗೀರು ಮತ್ತೆ ಗುದ್ಲಿ ಇಡೀಬೇಕು."

ವಿಷಯದ ಗಾಂಭೀರ್ಯವನ್ನು ಅರಿತು ಅಧ್ಯಕ್ಷರು ಅಂದೇ ಉಪಸಮಿತಿ ರಚಿಸಿದರು. ಬಂಪರ್ ಸಡಿಲಿಸಬೇಕೆ ಎಂಬುದು ಆಮೇಲಿನ ಮಾತು. ಟೈರಿಗೂ ಬಂಪರ್‌ಗೂ ನಡುವೆ ಸಂದು ಇದೆಯೋ ಇಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ವಾಹನ ಕೈಪಿಡಿಯಲ್ಲಿ "ಒಂದು ಬೆರಳಿನಷ್ಟು ಸಂದು ಇರತಕ್ಕದ್ದು" ಎಂದಿದೆ. ಯಾರ ಬೆರಳು ಎಂದು ಇಲ್ಲ. ಅಧ್ಯಕ್ಷರ ಬೆರಳುಗಳಲ್ಲಿ ಉಂಗುರಗಳಿದ್ದವು. ನನ್ನ ಬೆರಳು ಗ್ರೀಸ್ ಸಂಬಂಧಿತ ಕೆಲಸಕ್ಕೆ ಲಭ್ಯವಿಲ್ಲವೆಂದು ನಾನು ಲಿಖಿತವಾಗಿ ತಿಳಿಸಿದೆ.

ಕೊನೆಗೆ ಸೆಲ್ವರಾಜ್ ಅವರ ಬಲಗೈ ತೋರುಬೆರಳನ್ನು ಅಧಿಕೃತ ಬೆರಳೆಂದು ಘೋಷಿಸಲಾಯಿತು. ಅವರು ಪ್ರಾಯದಲ್ಲಿ ಗಣಿಯ ಮೆಷಿನ್ ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಸಂದು ಅಳೆಯುವ ಗೇಜು ಕೈಗೆ ಸಿಗದ ದಿನ ಬೆರಳು ತೂರಿಸಿ ಸಂದು ಹೇಳುವುದು ಅಲ್ಲಿ ವಾಡಿಕೆಯಾಗಿತ್ತು. ಆದೇಶ ಹೊರಟಿತು. ಬೆರಳಿನ ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ಅಂದಿನಿಂದ ಸೆಲ್ವರಾಜ್ ಮುದ್ದೆಯನ್ನು ಉಳಿದ ನಾಲ್ಕು ಬೆರಳಿನಲ್ಲಿಯೇ ಮುರಿಯುತ್ತಾರೆ.

ಪರೀಕ್ಷೆಯ ದಿನ ಒಂದು ಸಣ್ಣ ತೊಡಕು ಎದುರಾಯಿತು. ಸ್ಟೀರಿಂಗ್ ತಿರುಗಿಸಿದಾಗ ಸಂದು ನೋಡಬೇಕು. ಸ್ಟೀರಿಂಗ್ ಮುಟ್ಟಲು ಅಧಿಕಾರವಿರುವವರು ಸೆಲ್ವರಾಜ್ ಒಬ್ಬರೇ. ಸಂದಿನಲ್ಲಿ ಬೆರಳಿಡಲು ಅಧಿಕಾರವಿರುವವರೂ ಅವರೊಬ್ಬರೇ.

"ನಾನು ಸ್ಟೀರಿಂಗ್ ಇಡ್ಕೋತೀನಿ ಸೆಲ್ವಣ್ಣಾ, ನೀನು ಬೆರಳಿಡು," ಎಂದ ವೇಣು.

"ಡೇಯ್, ನೀನು ಸ್ಟೀರಿಂಗ್ ಇಡ್ದು, ನಾನು ಬೆರಳಿಡದಾ? ಗೌರ್ಮೆಂಟ್ ಬೆರಳಪ್ಪಾ ಇದು. ಹೆಚ್ಚು ಕಮ್ಮಿ ಆದ್ರೆ ಯಾರು ಬದಲು ಕೊಡೋದು?"

ಅವರ ಮಾತು ನ್ಯಾಯವಾಗಿತ್ತು. ಪರೀಕ್ಷೆಯನ್ನು ಮುಂದೂಡಿ, ಅಲ್ಲಿಯವರೆಗೆ ಪಾಲಿಸಲು ನಾನು ಈ ಕೆಳಗಿನ ಸುತ್ತೋಲೆ ಹೊರಡಿಸಿದೆ:

"ಮಂಡಳಿಯ ವಾಹನವು ಮುಂದಿನ ಆದೇಶದವರೆಗೆ ಸೌಮ್ಯವಾಗಿ ಮಾತ್ರ ತಿರುಗತಕ್ಕದ್ದು. ಹಠಾತ್ತಾಗಿ ತಿರುಗುವ ರಸ್ತೆಗಳನ್ನು ಮಂಡಳಿ ಮಾನ್ಯ ಮಾಡುವುದಿಲ್ಲ. ಪೂರ್ತಿ ಹಿಂತಿರುಗಬೇಕಾದಾಗ ಊರಿಗಾಂನ ಹಳೇ ಕಂಪನಿ ಮೈದಾನವನ್ನು ಬಳಸತಕ್ಕದ್ದು."

ಪರಿವೀಕ್ಷಕಿ ಇಂದ್ರಾಣಿಯವರು ಮಾರ್ಚ್ ಒಂದರಂದು ಈ ಸುತ್ತೋಲೆಯಂತೆ ಬಂಗಾರಪೇಟೆಯ ಕೇಂದ್ರಕ್ಕೆ ಹೊರಟರು. ಸಂಜೆ ಅವರು ಕೋಲಾರದಲ್ಲಿ ಪತ್ತೆಯಾದರು. ಮರುದಿನ ವೇಗ ಕಡಿಮೆ ಮಾಡಿ ಪ್ರಯತ್ನಿಸಿದರು. ಬಂಗಾರಪೇಟೆಯಲ್ಲಿ ಪಾನಿಪುರಿ ಅಂಗಡಿಯೊಂದು ನೇರ ರಸ್ತೆಯ ಮೇಲೆಯೇ ಇರುವುದರಿಂದ ಅದರ ಪರಿವೀಕ್ಷಣೆ ಆ ವಾರ ನಾಲ್ಕು ಬಾರಿ ನಡೆಯಿತು, ವರದಿಗಳೆಲ್ಲ ತೃಪ್ತಿಕರವಾಗಿವೆ. ಅಂತೂ ತಿಂಗಳ ಕೊನೆಯ ವಾರದ ಹೊತ್ತಿಗೆ ಐದು ಕೇಂದ್ರಗಳು ಮುಗಿದವು. ಉಳಿದದ್ದು ಚಿಕ್ಕಗುಟ್ಟಹಳ್ಳಿ.

ಕದಿರಮ್ಮ ಮತ್ತೆ ಬಂದರು. ಈ ಬಾರಿ ಕುರ್ಚಿ ತೋರಿಸುವ ಮೊದಲೇ ಕುಳಿತರು.

"ಉಣಸೇಮರದ್ ತಾವ ನಮ್ಮೂರ್ ರಸ್ತೆ ತಿರುಗ್ತದಲ್ಲ, ಅಲ್ಲೇ ಜೀಪು ನಿಲ್ಸಿ. ಇಂದ್ರಾಣಮ್ಮ ನಡ್ಕೊಂಡ್ ಬರ್ಲಿ. ಕೊಡೆ ನಾನ್ ಇಡೀತೀನಿ."

"ಕಾಲ್ನಡಿಗೆಯಲ್ಲಿ ಕಂಡದ್ದನ್ನು ಕಂಡಂತೆ ಪರಿಗಣಿಸುವುದಿಲ್ಲ."

"ಮಿಷನ್ನೇ ರೋಡ್ಗೆ ತತ್ತೀವಿ."

"ತಂದರೂ ಜೀಪು ಹಿಂತಿರುಗಬೇಕಲ್ಲ ಕದಿರಮ್ಮ. ಆ ದಾರಿಯಲ್ಲಿ ಅದು ತಿರುಗುವಷ್ಟು ಬಯಲು ಇರುವುದು ಗಡಿ ದಾಟಿದ ಮೇಲೆ, ಆಂಧ್ರದಲ್ಲಿ. ಮಂಡಳಿಯ ವಾಹನ ರಾಜ್ಯ ಬಿಡುವಂತಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಸರಿ. ಜೀಪು ಎಲ್ಲಿ ತಿರುಗ್ತದೆ ಏಳಿ."

"ಮೈದಾನದಲ್ಲಿ."

"ಅಂಗಾದ್ರೆ ನಾವೇ ಅಲ್ಲಿಗ್ ಬತ್ತೀವಿ ಬುಡಿ."

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಎರಡು ಟೆಂಪೋಗಳಲ್ಲಿ ಇಪ್ಪತ್ತೆರಡು ಯಂತ್ರಗಳೂ ಇಪ್ಪತ್ತೆರಡು ಹುಡುಗಿಯರೂ ಮೈದಾನಕ್ಕೆ ಬಂದಿಳಿದರು. ನಡುವೆ ಶಾಮಿಯಾನ ಹಾಕಲಾಯಿತು. ಜೀಪು ಬಂತು. ಇಂದ್ರಾಣಿಯವರು ಇಳಿಯಲು ಬಾಗಿಲು ತೆರೆದಾಗ ನಾನು ಲಾಗ್ ಪುಸ್ತಕದ ಕಡೆಗೆ ಅವರ ಗಮನ ಸೆಳೆದೆ. ಕಚೇರಿಯಿಂದ ಚಿಕ್ಕಗುಟ್ಟಹಳ್ಳಿಗೆ ಇಪ್ಪತ್ತು ಕಿಲೋಮೀಟರ್. ಅಷ್ಟು ಓಡದೆ ಇಳಿದರೆ ಅವರು ಇನ್ನೂ ದಾರಿಯಲ್ಲಿದ್ದಾರೆ ಎಂದೇ ಅರ್ಥ. ಮೈದಾನದ ಒಂದು ಸುತ್ತು ನಾನೂರು ಮೀಟರ್.

"ಐವತ್ತು ಸುತ್ತು, ಮೇಡಂ," ಎಂದರು ಸೆಲ್ವರಾಜ್, ಲೆಕ್ಕ ಹಾಕಿ.

"ಸೌಮ್ಯವಾಗಿ," ಎಂದೆ.

ಜೀಪು ಸುತ್ತತೊಡಗಿತು. ಸಮಯ ವ್ಯರ್ಥವಾಗದಿರಲೆಂದು ಇಂದ್ರಾಣಿಯವರು ಕಿಟಕಿಯಿಂದಲೇ ಮೌಖಿಕ ಪರೀಕ್ಷೆ ಆರಂಭಿಸಿದರು. ಒಂದು ಸುತ್ತಿಗೆ ಪ್ರಶ್ನೆ, ಮುಂದಿನ ಸುತ್ತಿಗೆ ಉತ್ತರ.

"ನಿನ್ನ ಹೆಸರೇನಮ್ಮಾ?"

ಜೀಪು ಹೋಗಿ ಬಂತು.

"ಸೌಂದರ್ಯಾ ಅಕ್ಕಾ!"

"ಏನು ಹೊಲೀತಿದ್ದೀಯಾ?"

ಜೀಪು ಹೋಗಿ ಬಂತು.

"ಬ್ಲೌಸು!"

"ಯಾರದು?"

"ನಿಮ್ದೇ! ಅಳತೆ ಕೊಡಿ!"

ಏಳನೇ ಸುತ್ತಿನಲ್ಲಿ ಸೌಂದರ್ಯಾ ಟೇಪು ಹಿಡಿದು ಜೀಪಿನ ಪಕ್ಕ ಓಡಿ ತೋಳಿನ ಅಳತೆ ಪಡೆದಳು. ಎಂಟರಲ್ಲಿ ಬೆನ್ನು. ಕತ್ತಿನ ಅಳತೆಗೆ ಮೂರು ಸುತ್ತು ಬೇಕಾಯಿತು, ಏಕೆಂದರೆ ಇಂದ್ರಾಣಿಯವರಿಗೆ ನಗು ತಡೆಯಲಾಗಲಿಲ್ಲ. ಪರಿವೀಕ್ಷಕಿ ಕರ್ತವ್ಯದ ಮೇಲೆ ನಗಬಾರದೆಂಬ ನಿಯಮವನ್ನು ನಾನು ಶಾಮಿಯಾನದಿಂದಲೇ ಕೂಗಿ ನೆನಪಿಸಿದೆ. ಜೀಪು ಅಷ್ಟರಲ್ಲಿ ಆಚೆ ಬದಿಗೆ ಹೋಗಿತ್ತು.

ಜನ ಸೇರಿದರು. ಮಾರಿಯಮ್ಮ ಎಂಬವರು ಬಾಣಲೆ ಇಟ್ಟು ಬೋಂಡಾ ಹಾಕತೊಡಗಿದರು. ಸುತ್ತುಗಳನ್ನು ಸಾರ್ವಜನಿಕರೇ ಎಣಿಸಿದರು. "ನಲವತ್ತೊಂದು!" ಎಂದು ಒಬ್ಬರು, "ನಾಪ್ಪತ್ತಿರೆಂಡು!" ಎಂದು ಇನ್ನೊಬ್ಬರು, "ನಲಭೈ ಮೂಡು!" ಎಂದು ಮತ್ತೊಬ್ಬರು. ಮೂರು ಭಾಷೆಗಳಲ್ಲಿಯೂ ಲೆಕ್ಕ ತಪ್ಪಲಿಲ್ಲ. ಪ್ರತಿ ಸುತ್ತಿಗೂ ಹಾರ್ನ್ ಎಮ್ಮೆಯಂತೆ ಕೂಗಿತು, ನಲವತ್ತಾರರಲ್ಲಿ ನಿಜವಾದ ಎಮ್ಮೆಯೊಂದು ಉತ್ತರ ಕೊಟ್ಟಿತು. ನಲವತ್ತೊಂಬತ್ತರಲ್ಲಿ ಕಾಜಾ ಸಮೇತ ಸಿದ್ಧವಾದ ಬ್ಲೌಸನ್ನು ಸೌಂದರ್ಯಾ ಕಿಟಕಿಯೊಳಗೆ ಎಸೆದಳು. ಐವತ್ತಕ್ಕೆ ಜೀಪು ನಿಂತಿತು.

ಇಂದ್ರಾಣಿಯವರು ಇಳಿದರು. ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ಆರು ಹೆಜ್ಜೆ ಇಟ್ಟರು. ಶಾಮಿಯಾನದ ಕಂಬವನ್ನು ಹಿಡಿದುಕೊಂಡು, ಕರ್ತವ್ಯಪ್ರಜ್ಞೆಯಿಂದ, ಕಂಡದ್ದನ್ನು ಕಂಡಂತೆ ಎಣಿಸಿ ಬರೆದರು: ಶಿಕ್ಷಣಾರ್ಥಿಗಳು ನಲವತ್ತನಾಲ್ಕು. ಯಂತ್ರಗಳು ನಲವತ್ತನಾಲ್ಕು. ಶಿಕ್ಷಕಿಯರು ಇಬ್ಬರು, ಇಬ್ಬರ ಹೆಸರೂ ಕದಿರಮ್ಮ.

"ಇರೋದು ಇಪ್ಪತ್ತೆರಡೇ ಕಣಮ್ಮಾ," ಎಂದರು ಕದಿರಮ್ಮ ನನ್ನ ಬಳಿ ಬಂದು, ದನಿ ತಗ್ಗಿಸಿ.

"ವರದಿಯಲ್ಲಿ ನಲವತ್ತನಾಲ್ಕಿದೆ."

"ಈಗೇನ್ ಮಾಡೋದು?"

"ಕೊರತೆ ಇರುವ ಇಪ್ಪತ್ತೆರಡು ಯಂತ್ರಗಳನ್ನು ಮಂಡಳಿ ಕೂಡಲೇ ಪೂರೈಸಬೇಕು. ಕೊರತೆ ಇರುವ ಇಪ್ಪತ್ತೆರಡು ಹುಡುಗಿಯರನ್ನು ನೀವು ಪೂರೈಸಬೇಕು."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮಿಷನ್ನು ಎತ್ಕೊಂಡ್ ಓಗಾಕಿಲ್ಲ ತಾನೇ?"

"ಇರುವ ಕೇಂದ್ರದ ಯಂತ್ರಗಳನ್ನು ಒಯ್ಯಲು ನಿಯಮವಿಲ್ಲ."

"ಇನ್ನೊಬ್ಬ ಕದಿರಮ್ಮ?"

"ಹುಡುಕಿ."

ಹುಡುಕಿದರು. ಬೇತಮಂಗಲದಲ್ಲಿ ಒಬ್ಬರು ಸಿಕ್ಕಿದರು. ಅವರಿಗೆ ಹೊಲಿಗೆ ಬರುವುದಿಲ್ಲ, ಹೆಸರು ಸರಿಯಾಗಿದೆ.

ಸಂಜೆ ಯಂತ್ರಗಳನ್ನು ಟೆಂಪೋಗೆ ಏರಿಸುವಾಗ ಅಧ್ಯಕ್ಷರು ಒಂದು ಮುಖ್ಯ ಅಂಶವನ್ನು ಎತ್ತಿದರು. ಲಾಗ್ ಪುಸ್ತಕದಂತೆ ಜೀಪು ಇಪ್ಪತ್ತು ಕಿಲೋಮೀಟರ್ ಓಡಿ ನಿಂತಿದೆ. ಕಚೇರಿಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿರುವುದು ಚಿಕ್ಕಗುಟ್ಟಹಳ್ಳಿ. ಆದ್ದರಿಂದ ಜೀಪು ನಿಂತಿರುವ ಈ ಜಾಗವೇ ಚಿಕ್ಕಗುಟ್ಟಹಳ್ಳಿ. ಕೇಂದ್ರವನ್ನು ಚಿಕ್ಕಗುಟ್ಟಹಳ್ಳಿಯಿಂದ ಹೊರಗೆ ಸಾಗಿಸುವಂತಿಲ್ಲ. ಯಂತ್ರಗಳನ್ನು ಕೆಳಗಿಳಿಸಲಾಯಿತು.

"ದಿನಾ ಬಸ್ಸಲ್ ಬರ್ಬೇಕಾ?" ಎಂದು ಕೇಳಿದರು ಕದಿರಮ್ಮ.

"ಚಿಕ್ಕಗುಟ್ಟಹಳ್ಳಿಯ ಕೇಂದ್ರ ಚಿಕ್ಕಗುಟ್ಟಹಳ್ಳಿಯಲ್ಲಿ ನಡೆಯಬೇಕಲ್ಲ."

"ಬಸ್ಸು ಹೆಂಗಸ್ರಿಗೆ ಫ್ರೀನೇ ಬುಡಿ," ಎಂದರು ಅವರು, ಮತ್ತು ಹುಡುಗಿಯರನ್ನು ಬೋಂಡಾ ತಿನ್ನಲು ಕಳುಹಿಸಿದರು.

ಏಪ್ರಿಲ್‌ನಲ್ಲಿ ವೇಣು ವಾಷರ್‌ಗಳನ್ನು ಹಿಡಿದು ಬಂದ. ಕದಿರಮ್ಮನವರೇ ಅವನನ್ನು ತಡೆದರು. "ಬ್ಯಾಡ ಕಣಪ್ಪಾ. ಅದು ಚೆನ್ನಾಗ್ ತಿರುಗಾಕ್ ಸುರು ಮಾಡಿದ್ರೆ ನಮ್ಮೂರು ಮತ್ತೆ ಎಲ್ಲಿಗ್ ಓಯ್ತದೋ." ಈ ವಾದದಲ್ಲಿ ತಪ್ಪು ಕಾಣದೆ ಉಪಸಮಿತಿಯನ್ನು ವಿಸರ್ಜಿಸಲಾಯಿತು.

ಈಗ ಎಲ್ಲವೂ ಸುಗಮವಾಗಿದೆ. ಮೈದಾನದ ಅಂಚಿನಲ್ಲಿ "ಚಿಕ್ಕಗುಟ್ಟಹಳ್ಳಿ" ಎಂಬ ಹಳದಿ ಫಲಕ ನೆಟ್ಟಿದೆ. ನಲವತ್ತನಾಲ್ಕು ಯಂತ್ರಗಳ ಸದ್ದು ರಸ್ತೆಯವರೆಗೆ ಕೇಳಿಸುತ್ತದೆ. ಹಿಂದೆ ಚಿಕ್ಕಗುಟ್ಟಹಳ್ಳಿ ಎನ್ನಲಾಗುತ್ತಿದ್ದ ಜಾಗದಲ್ಲಿ ಕದಿರಮ್ಮನವರ ಮನೆಯಿದ್ದು, ಅಲ್ಲಿ ಅವರ ಅತ್ತೆ ನರಸಮ್ಮನವರೂ ಇದ್ದಾರೆ. ತಾವಿರುವ ಜಾಗವನ್ನು ಇನ್ನು ಏನೆಂದು ಕರೆಯಬೇಕೆಂದು ಅವರು ಸೊಸೆಯ ಕೈಯಲ್ಲಿ ಕೇಳಿಕಳುಹಿಸಿದ್ದರು. ಮಂಡಳಿ ನಕ್ಷೆ ನೋಡಿ ಪರಿಶೀಲಿಸಿತು. ಚಿಕ್ಕಗುಟ್ಟಹಳ್ಳಿ ಇಲ್ಲಿಗೆ ಬಂದಿರುವುದರಿಂದ, ಅಲ್ಲಿ ತೆರವಾದ ಜಾಗಕ್ಕೆ ಊರಿಗಾಂ ಹೋಗಿರಬೇಕೆಂದು ಉತ್ತರ ಬರೆದೆವು.

ಉತ್ತರವನ್ನು ಓದಿ ಹೇಳಿದಾಗ ನರಸಮ್ಮನವರು ಜಗುಲಿಯ ಮೇಲೆ ಕಾಲು ನೀಡಿ ಕುಳಿತು, ಎಲೆಗೆ ಸುಣ್ಣ ಸವರುತ್ತಾ, "ಮದ್ವೆ ಆದಾಗಿಂದ ಪ್ಯಾಟೇಲಿ ಸಂಸಾರ ಮಾಡ್ಬೇಕು ಅಂತಿದ್ದೆ. ಅಂತೂ ಆಯ್ತಲ್ಲ, ಬುಡು," ಎಂದರಂತೆ.