ಭಾನುವಾರದ ಗೆಳೆಯ

ದಿಲೇಂದ್ರರ ಅಂದಿನ ಅವಾಂತರಕ್ಕೆಲ್ಲ ಮೂಲ ಒಂದು ಕಪ್ಪು ಕನ್ನಡಕ. ಮುಂಬಯಿಯ ಸಿನಿಮಾ ಮಂದಿ ಸತ್ತವರ ಪ್ರಾರ್ಥನಾ ಸಭೆಗೆ ಹೋಗುವಾಗ ಬಿಳಿ ಬಟ್ಟೆ ತೊಟ್ಟು ಕಪ್ಪು ಕನ್ನಡಕ ಹಾಕಿಕೊಳ್ಳಲೇಬೇಕು. ಅತ್ತರೆ ಅತ್ತದ್ದು ಕಾಣಬಾರದು, ಅಳದಿದ್ದರೆ ಅಳದಿದ್ದದ್ದೂ ಕಾಣಬಾರದು. ಎಪ್ಪತ್ತನಾಲ್ಕರ ದಿಲೇಂದ್ರರಿಗೋ ನಂಬರಿನ ಕನ್ನಡಕವಿಲ್ಲದಿದ್ದರೆ ಎದುರಿಗಿರುವುದು ಕಂಬವೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಕಪ್ಪು ಗಾಜಿಗೂ ನಂಬರು ಕೂರಿಸಿಕೊಳ್ಳಿ ಎಂದು ಕಣ್ಣಿನ ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಹೀರೋ ಆದವನಿಗೆ ನಂಬರು ಎಲ್ಲಿಂದ ಬರಬೇಕು ಎಂಬುದು ಇವರ ವಾದ.

ಹೀರೋ ಆಗಿದ್ದದ್ದು ನಿಜ. ಲುಧಿಯಾನದ ಬನಾರಸಿದಾಸ್ ಸೋಂಧಿ ಎಂಬ ಹುಡುಗ ಮುಂಬಯಿಗೆ ಬಂದು ದಿಲೇಂದ್ರನಾಗಿ, ಬಿಳಿ ಬೂಟು ಹಾಕಿ, ಕಾಶ್ಮೀರದ ಮರಗಳನ್ನೆಲ್ಲ ಸುತ್ತಿ ಹಾಡಿದ್ದ. ಆಗ ಅವನ ಮನೆಯ ಮುಂದೆ ಜನ ಜಾತ್ರೆಯಂತೆ ನೆರೆಯುತ್ತಿದ್ದರು. ಆಮೇಲೆ ಹೀರೋನ ಅಣ್ಣನಾದರು, ಆಮೇಲೆ ಅಪ್ಪ, ಆಮೇಲೆ ಸುತ್ತಿಗೆ ಕುಟ್ಟುವ ಜಡ್ಜು. ಕೊನೆಯ ಚಿತ್ರದಲ್ಲಿ ಹೀರೋನ ಸತ್ತ ಅಪ್ಪನ ಪಾತ್ರ. ಅದಕ್ಕೆ ಇವರನ್ನು ಕರೆಸಲೇ ಇಲ್ಲ. ಒಂದು ಫೋಟೋ ತರಿಸಿಕೊಂಡು ಹಾರ ಹಾಕಿ ಗೋಡೆಗೆ ತೂಗುಹಾಕಿದರು, ಅಷ್ಟೆ.

ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಖಾರ್ ಬಡಾವಣೆಯ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ದಿಲೇಂದ್ರರು, ಅವರ ರೇಡಿಯೋ, ಒಂದು ಬಾಲ್ಕನಿ. ಮಾತಾಡಲು ಸಿಗುತ್ತಿದ್ದವರು ಎದುರು ಮನೆಯ ಪಾರ್ಸಿ ಹೆಂಗಸು ಪಿಲೂಬಾಯಿ ಒಬ್ಬರೇ. ಆಕೆ ಪತ್ರಿಕೆ ಬಿಡಿಸುತ್ತಿದ್ದುದೇ ನಿಧನ ವಾರ್ತೆಯ ಪುಟದಿಂದ. ಉಳಿದ ಸುದ್ದಿಯೆಲ್ಲ ಸುಳ್ಳಿರಬಹುದು, ಇದೊಂದು ಮಾತ್ರ ನಂಬಬಹುದು ಎಂದು ಆಕೆಯ ಅಭಿಪ್ರಾಯ.

ಅವತ್ತು ಬೆಳಿಗ್ಗೆ ಆಕೆ ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದರು. ದಿಲೇಂದ್ರರ ಹಳೆಯ ನಿರ್ದೇಶಕ ಓಂ ಸರೀನ್ ತೀರಿಕೊಂಡಿದ್ದರು. ಸಂಜೆ ಸಾಂತಾಕ್ರೂಜ್‌ನ ಸಮುದಾಯ ಭವನದಲ್ಲಿ ಪ್ರಾರ್ಥನಾ ಸಭೆ. ಸರೀನ್ ಹೋದದ್ದಕ್ಕಿಂತ ಪಿಲೂಬಾಯಿಗೆ ಮುಖ್ಯವಾಗಿದ್ದದ್ದು ಬೇರೆ. ಸರೀನರ ತಂಗಿಯ ಮಗ ಉದಿತ್ ಸೇಖ್ರಿ ಈಗ ದೊಡ್ಡ ನಿರ್ದೇಶಕ. ಹೊಸ ಚಿತ್ರದ ತಾತನ ಪಾತ್ರಕ್ಕೆ ಮುದುಕನನ್ನು ಹುಡುಕುತ್ತಿದ್ದಾನೆಂದು ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿತ್ತು.

"ದಿಲೂ, ಮಾವ ಸತ್ತಿದ್ದಾನೆ ಅಂದ್ಮೇಲೆ ಅವನು ಬರಲೇಬೇಕು. ನೀನು ಹೋಗಿ ಅವನ ಕಣ್ಣಿಗೆ ಬೀಳು, ಸಾಕು. ಪಾತ್ರ ಕೊಡು ಅಂತ ಬಾಯ್ಬಿಟ್ಟು ಕೇಳ್ಬೇಡ, ಚೆನ್ನಾಗಿರಲ್ಲ. ಸುಮ್ನೆ ತಾತನ ಥರ ಕೂತ್ಕೊ."

ದಿಲೇಂದ್ರರಿಗೆ ಪಾತ್ರ ಬೇಕಿತ್ತು, ತೀರಾ ಬೇಕಿತ್ತು. ಹೆಸರಿಗಲ್ಲ. ಚಿತ್ರವೊಂದು ಸಿಕ್ಕರೆ ಬೆಳಿಗ್ಗೆ ಕಾರು ಬರುತ್ತದೆ. ತಿಂಡಿ ಆಯಿತೇ ಸಾರ್ ಎಂದು ಯಾರಾದರೂ ಕೇಳುತ್ತಾರೆ. ಸುತ್ತ ನೂರು ಜನ ಓಡಾಡುತ್ತಾರೆ, ನಡುವೆ ಇವರಿಗೊಂದು ಕುರ್ಚಿ ಹಾಕಿರುತ್ತಾರೆ. ಸಾಯುವ ಮೊದಲು ಇನ್ನೊಮ್ಮೆ ಯಾರಾದರೂ ತನಗಾಗಿ ಕಾದುಕೊಂಡಿರಬೇಕು ಎಂಬುದೊಂದೇ ಅವರ ಆಸೆ.

ಮಧ್ಯಾಹ್ನ ಪಿಲೂಬಾಯಿಯೇ ಬಿಳಿ ಕುರ್ತಾ ಇಸ್ತ್ರಿ ಮಾಡಿಕೊಟ್ಟರು. ತಲೆಗೂದಲು ಕಪ್ಪಾಗಿದ್ದರೆ ತಾತನಾಗುವುದು ಹೇಗೆ ಎಂದು ಬಣ್ಣದ ಬಟ್ಟಲನ್ನೂ ಕಿತ್ತಿಟ್ಟುಕೊಂಡರು. ದಿಲೇಂದ್ರರು ನಂಬರಿನ ಕನ್ನಡಕವನ್ನು ಜೇಬಿಗಿಳಿಸಿ, ಕಪ್ಪು ಕನ್ನಡಕ ಏರಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ರಿಕ್ಷಾ ಹತ್ತಿದರು.

ಭವನದ ಗೇಟಿನಲ್ಲಿ ಫೋಟೋದವರು ಕಿಕ್ಕಿರಿದಿದ್ದರು. ದಿಲೇಂದ್ರರು ಮುಖದಲ್ಲಿ ದುಃಖ ತಂದುಕೊಂಡು, ಗಲ್ಲ ಸ್ವಲ್ಪ ಎತ್ತಿ, ಬೆಳಕು ಬೀಳುವ ಕಡೆ ತಿರುಗಿ ನಿಂತರು. ಒಬ್ಬ ಅವರ ತೋಳು ಮುಟ್ಟಿ ಬಹಳ ಮರ್ಯಾದೆಯಿಂದ ಹೇಳಿದ.

"ಅಂಕಲ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಹಿಂದೆ ಯಾರೋ ಬರ್ತಿದ್ದಾರೆ."

ಒಳಗೆ ಎದುರಿಗೆ ಮಹಡಿಗೆ ಹೋಗುವ ಮೆಟ್ಟಿಲು, ಎಡಕ್ಕೆ ಕೆಳಗಿನ ಸಭಾಂಗಣ. ಎರಡೂ ಕಡೆಯಿಂದ ಹಾರ್ಮೋನಿಯಂ, ಎರಡೂ ಕಡೆ ಬಿಳಿ ಬಟ್ಟೆಯವರು. ಬಾಗಿಲಲ್ಲಿ ಬೋರ್ಡುಗಳಿದ್ದವು, ಆದರೆ ಇವರ ಕಣ್ಣಿಗೆ ಅವು ಬರೀ ಮಸಿ. ಮೆಟ್ಟಿಲ ಮೇಲಿದ್ದ ಹುಡುಗ ಹುಡುಗಿಯರು ಫೋನಿನಿಂದ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಎಡಗಡೆಯ ಸಭಾಂಗಣದಿಂದ ಯಾರೋ, "ಅರೆ, ದಿಲೇಂದ್ರ ಸಾಹೇಬ್ರು" ಎಂದರು. ಒಂದು ಸಾಲಿಗೆ ಸಾಲೇ ಎದ್ದು ನಿಂತು ಕೈಮುಗಿಯಿತು.

ತನ್ನನ್ನು ಗುರುತಿಸುವವರು ಇರುವ ಕಡೆಯೇ ಸಿನಿಮಾದವರು ಇರಬೇಕೆಂದು ದಿಲೇಂದ್ರರು ಯೋಚಿಸಿದರು. ಆ ಊರಿನ ಯಾವ ನಟನಾದರೂ ಹಾಗೆಯೇ ಯೋಚಿಸುತ್ತಿದ್ದ. ಅವರು ಎಡಕ್ಕೆ ತಿರುಗಿದರು.

ಅದು ಪರಸ್‌ರಾಮ್ ಲಾಲ್‌ಚಂದಾನಿ ಎಂಬ ಸಿಂಧಿ ಬಟ್ಟೆ ವ್ಯಾಪಾರಿಯ ಸಭೆ. ಸರೀನರ ಸಭೆ ಮೇಲಿನ ಮಹಡಿಯಲ್ಲಿ ನಡೆದಿತ್ತು. ಲಾಲ್‌ಚಂದಾನಿಯವರ ಮಗ ಹರೇಶ್ ಓಡಿಬಂದು ಇವರನ್ನು ಮೊದಲ ಸಾಲಿಗೆ ಕರೆದೊಯ್ದು ಕೂರಿಸಿದ. ಹಾರ ಹಾಕಿದ ಫೋಟೋ ಎದುರಿಗೇ ಇತ್ತು. ದಿಲೇಂದ್ರರಿಗೆ ಕಂಡದ್ದು ಹೂವಿನ ನಡುವೆ ಒಂದು ದುಂಡನೆಯ ಮಬ್ಬು. ಸರೀನರೂ ದುಂಡಗೇ ಇದ್ದರಲ್ಲ ಎಂದುಕೊಂಡು ಕೈಮುಗಿದರು.

ಇಂಥವರು ಬಂದ ಮೇಲೆ ಬಿಡುವುದುಂಟೇ? ಹಿರಿಯರನ್ನು ಕರೆಯುವ ಹಾಗೆ ದಾದಾ ಎಂದು ಕರೆದು, ಅಪ್ಪನ ಬಗ್ಗೆ ಎರಡು ಮಾತಾಡಿ ಎಂದು ಹರೇಶ್ ಮೈಕು ತಂದು ಕೈಗಿಟ್ಟ. ಸರೀನ್‌ಗೆ ಇಷ್ಟು ದೊಡ್ಡ ಮಗನಿದ್ದನೇ ಎಂದು ದಿಲೇಂದ್ರರಿಗೆ ಕ್ಷಣ ಅನುಮಾನವಾಯಿತು. ಆದರೆ ಮೈಕು ಕೈಗೆ ಬಂದು ಎಷ್ಟೋ ಕಾಲವಾಗಿತ್ತು, ಉದಿತ್ ಸೇಖ್ರಿ ಇಲ್ಲೇ ಎಲ್ಲೋ ಕೂತು ನೋಡುತ್ತಿರುತ್ತಾನೆ. ಇವರು ಎದ್ದು ನಿಂತರು.

ಸಿನಿಮಾ ಮಂದಿಯ ಸಭೆಗಳಲ್ಲಿ ಒಂದು ಪದ್ಧತಿಯಿದೆ. ಸತ್ತವನನ್ನು ಇಪ್ಪತ್ತು ವರ್ಷ ನೋಡಿರದವನೂ ಅವತ್ತು ಅವನ ಪ್ರಾಣಸ್ನೇಹಿತನಾಗಬೇಕು. ದಿಲೇಂದ್ರರೂ ಹಾಗೇ ಶುರುಮಾಡಿದರು. ಈತನ ಸ್ನೇಹದ ವಿಷಯ ಲೋಕಕ್ಕೆ ಗೊತ್ತಿಲ್ಲ, ಮನೆಯವರಿಗೂ ಗೊತ್ತಿರಲಿಕ್ಕಿಲ್ಲ ಎಂದರು. ಪ್ರತಿ ಭಾನುವಾರ ಸಂಜೆ ಈತ ನನ್ನ ಬಾಲ್ಕನಿಗೆ ಬರುತ್ತಿದ್ದ ಎಂದರು. ಭಾನುವಾರ ಎಂದದ್ದು ಯಾಕೆಂದರೆ ಅವರಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಭಾನುವಾರವೇ. ಆ ದಿನ ಪಿಲೂಬಾಯಿ ಕೂಡ ತಂಗಿಯ ಮನೆಗೆ ಹೋಗಿಬಿಡುತ್ತಿದ್ದರು.

"ಇಬ್ರೂ ಚದುರಂಗ ಆಡ್ತಿದ್ವಿ. ಜಾಸ್ತಿ ಮಾತಿಲ್ಲ. ಕತ್ತಲಾದ್ರೂ ದೀಪ ಹಾಕ್ತಿರ್ಲಿಲ್ಲ. ಹೋಗೋವಾಗ ಬಾಗಿಲಲ್ಲಿ ನಿಂತು, ಮುಂದಿನ ವಾರ ಬರ್ತೀನಿ ಕಣೋ ಅಂತಿದ್ದ. ಆ ಒಂದು ಮಾತಿಗೆ ನಾನು ಇಡೀ ವಾರ ಕಾಯ್ತಿದ್ದೆ."

ಇಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಮೊದಲು ಅವರೂ ಅದನ್ನು ನಟನೆ ಎಂದೇ ತಿಳಿದರು. ಆದರೆ ಕಣ್ಣೀರು ನಿಲ್ಲಲಿಲ್ಲ. ಅಂಥ ಗೆಳೆಯ ತಮಗೆ ಇರಲೇ ಇಲ್ಲ ಎಂಬುದು ಮೈಕಿನ ಮುಂದೆ ನಿಂತಾಗ ಅವರಿಗೆ ಹೊಳೆದಿತ್ತು. ಕಣ್ಣೊರೆಸಲು ಕಪ್ಪು ಕನ್ನಡಕ ತೆಗೆದರು, ಅಭ್ಯಾಸಬಲದಿಂದ ಜೇಬಿನ ಕನ್ನಡಕ ಹಾಕಿದರು. ಎದುರಿನ ಫೋಟೋದಲ್ಲಿ ದಪ್ಪ ಮೀಸೆಯ, ಸಫಾರಿ ಸೂಟಿನ, ಜನ್ಮದಲ್ಲಿ ಕಂಡಿರದ ಗಂಡಸೊಬ್ಬ ನಗುತ್ತಿದ್ದ.

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಪರಸ್‌ರಾಮರ ಹೆಂಡತಿ ಈಶ್ವರಿ ಎದ್ದು ನಿಂತಿದ್ದರು.

"ಮೂವತ್ತು ವರ್ಷ," ಎಂದರು ಆಕೆ. "ಭಾನುವಾರ ಸಂಜೆ ಆದ್ರೆ ಸೆಂಟು ಹಾಕ್ಕೊಂಡು ಹೊರಟುಬಿಡೋರು. ಎಲ್ಲಿಗೆ ಅಂದ್ರೆ ಹೇಳ್ತಿರ್ಲಿಲ್ಲ. ಯಾವಳನ್ನೋ ಇಟ್ಕೊಂಡಿದ್ದಾರೆ ಅಂದ್ಕೊಂಡೆ. ಎಷ್ಟು ಬೈದಿದ್ದೀನಿ ಗೊತ್ತಾ ದಾದಾ? ಸಾಯೋ ದಿನಾನೂ ಬೈದೆ. ಅವರು ನಿಮ್ಮ ಮನೇಲಿ ಚದುರಂಗ ಆಡ್ತಿದ್ರಾ?"

ಸಭೆಯೆಲ್ಲ ದಿಲೇಂದ್ರರ ಬಾಯಿ ನೋಡಿತು. ಈಗ ಇಲ್ಲ ಎಂದರೆ ಆ ಹೆಂಗಸಿನ ಗತಿಯೇನು? ಎಷ್ಟೋ ಚಿತ್ರಗಳಲ್ಲಿ ತೀರ್ಪು ಕೊಟ್ಟಿದ್ದ ಮನುಷ್ಯ ಇದೊಂದಕ್ಕೆ ತಡವರಿಸಿ, ಕೊನೆಗೆ ತಲೆಯಾಡಿಸಿದರು.

"ಹೌದಮ್ಮ. ನಮ್ಮ ಮನೇಲೇ."

ಈಶ್ವರಿ ಗಂಡನ ಫೋಟೋದ ಮುಂದೆ ಕುಸಿದು ಕೂತು, ತಪ್ಪಾಯಿತು ಅಂತ ಅತ್ತರು. ಹಿಂದೆಯೇ ನೆಂಟರ ಪ್ರಶ್ನೆಗಳು ಶುರುವಾದವು. ಯಾರು ಗೆಲ್ಲುತ್ತಿದ್ದರು ಎಂದು ಒಬ್ಬರು, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರು ಎಂದು ಇನ್ನೊಬ್ಬರು. ಸಕ್ಕರೆಯ ಲೆಕ್ಕದಲ್ಲಿ ದಿಲೇಂದ್ರರು ಎರಡು ಚಮಚ ಎಂದುಬಿಟ್ಟರು. ಸಕ್ಕರೆ ಕಾಯಿಲೆಯಿದ್ದ ಪರಸ್‌ರಾಮ್ ಮೂವತ್ತು ವರ್ಷ ಯಾಕೆ ಗುಟ್ಟು ಮಾಡಿದರೆಂದು ಎಲ್ಲರಿಗೂ ಆಗ ಅರ್ಥವಾಯಿತು.

ಉದಿತ್ ಮಹಡಿಯ ಮೇಲಿದ್ದಾನೆಂದು ದಿಲೇಂದ್ರರಿಗೆ ಹೊಳೆದು, ಮೆಲ್ಲಗೆ ಜಾರಿಕೊಳ್ಳಲು ನೋಡಿದರು. ಬಿಡುವವರು ಯಾರು? ಅಪ್ಪನ ಜಾಗಕ್ಕೆ ಬರುವ ಮಗನಿಗೆ ಪಗಡಿ ಕಟ್ಟುವ ಶಾಸ್ತ್ರವಿತ್ತು, ಅಪ್ಪನ ಜೀವದ ಗೆಳೆಯನೇ ಕೈ ಹಚ್ಚಬೇಕೆಂದು ಹಿರಿಯರು ಹಟ ಹಿಡಿದರು. ಸಿನಿಮಾದಲ್ಲಿ ನೂರಾರು ಪಗಡಿ ಕಟ್ಟಿಸಿಕೊಂಡಿದ್ದವರು ಮೊದಲ ಬಾರಿಗೆ ಒಂದು ನಿಜವಾದ ಪಗಡಿ ಕಟ್ಟಿದರು. ಹರೇಶ್ ಅವರ ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಶಾಸ್ತ್ರ ಮುಗಿದು ಎಲ್ಲರೂ ಬಾಗಿಲಲ್ಲಿ ಸಾಲಾಗಿ ನಿಂತರು, ಇವರನ್ನೂ ಮಗನ ಪಕ್ಕದಲ್ಲೇ ನಿಲ್ಲಿಸಿದರು. ಮಹಡಿಯಿಂದ ಜನ ಇಳಿಯುತ್ತಿದ್ದರು, ಉದಿತ್ ಸೇಖ್ರಿಯೂ ಇಳಿದು ಬಂದ. ದಿಲೇಂದ್ರರು ಗಲ್ಲ ಎತ್ತಿದರು. ಉದಿತ್ ಅವರನ್ನು ನೋಡಿಯೇ ನೋಡಿದ, ಹತ್ತಿರ ಬಂದ. ಸತ್ತ ವ್ಯಾಪಾರಿಯ ಅಣ್ಣನೆಂದೇ ತಿಳಿದು, ನಿಮ್ಮ ತಮ್ಮನಿಗೆ ಸದ್ಗತಿ ಸಿಗಲಿ ಅಂಕಲ್ ಎಂದು ಗೌರವದಿಂದ ಕೈಮುಗಿದು, ಕಾರು ಹತ್ತಿ ಹೋದ.

ಆದರೆ ವಿಚಿತ್ರವೆಂದರೆ ದಿಲೇಂದ್ರರಿಗೆ ಅಷ್ಟೇನೂ ದುಃಖವಾಗಲಿಲ್ಲ. ಯಾಕೆಂದರೆ ಈಶ್ವರಿ ಅವರ ಕೈ ಹಿಡಿದುಕೊಂಡು, ಇನ್ನು ಮೇಲೆ ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದಿದ್ದರು. ಬರದಿದ್ದರೆ ತಟ್ಟೆ ಹಾಕಿಕೊಂಡು ಕಾಯುತ್ತೇವೆ ಎಂದು ಸೊಸೆ ಸೇರಿಸಿದ್ದಳು. ಕಾಯುತ್ತೇವೆ ಎಂಬ ಆ ಮಾತನ್ನು ದಿಲೇಂದ್ರರು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡರು. ತಾತನ ಪಾತ್ರ ಹೋದರೆ ಹೋಗಲಿ, ತಾತನ ಕೆಲಸವೇ ಸಿಕ್ಕಿತಲ್ಲ ಎನ್ನಿಸಿ ಎದೆ ಹಗುರವಾಯಿತು.

ಹರೇಶ್ ಕಾರು ತರಲು ಹೋದ. ದಿಲೇಂದ್ರರು ಚಪ್ಪಲಿ ಹುಡುಕುತ್ತಿದ್ದಾಗ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಪಕ್ಕಕ್ಕೆ ಬಂದರು. ಕೊನೆಯ ಸಾಲಿನಲ್ಲಿ ಒಬ್ಬರೇ ಕೂತಿದ್ದವರು. ಚಪ್ಪಲಿಯನ್ನು ಕಾಲಿನಿಂದ ಇವರ ಕಡೆ ಸರಿಸಿ, ತಗ್ಗಿದ ದನಿಯಲ್ಲಿ ಹೇಳಿದರು.

"ದೊಡ್ಡ ಉಪಕಾರ ಮಾಡಿದ್ರಿ ಸಾಹೇಬ್ರೆ. ಆ ಭಾನುವಾರದವಳು ನಾನು."

ದಿಲೇಂದ್ರರ ಕೈಯಲ್ಲಿದ್ದ ಕಪ್ಪು ಕನ್ನಡಕ ಕೆಳಗೆ ಬಿತ್ತು. ಆಕೆಯೇ ಬಗ್ಗಿ ಎತ್ತಿಕೊಟ್ಟರು.

"ಅವರಿಗೆ ಚದುರಂಗದಲ್ಲಿ ಕುದುರೆ ಎತ್ತ ಓಡುತ್ತೆ ಅಂತಾನೂ ಗೊತ್ತಿರ್ಲಿಲ್ಲ. ಇವತ್ತೇನೋ ಅಳೋ ಹೊತ್ತು, ಯಾರೂ ಕೆದಕಲಿಲ್ಲ. ನೀವು ಆ ಮನೇಲಿ ಊಟಕ್ಕೆ ಕೂತ್ರೆ ಈಶ್ವರಿ ಎರಡೇ ವಾರಕ್ಕೆ ನಿಮ್ಮ ಬಾಯಿ ಬಿಡಿಸ್ತಾರೆ. ಆಗ ಅವರೂ ಸಾಯ್ತಾರೆ, ನಾನೂ ಸಾಯ್ತೀನಿ. ದಯವಿಟ್ಟು ಆ ಕಡೆ ಹೋಗ್ಬೇಡಿ."

ದಿಲೇಂದ್ರರು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ, ಭಾನುವಾರ ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಗೊತ್ತಿಲ್ಲ, ಇನ್ನು ನೋಡಬೇಕು ಎಂದರು ಆಕೆ. ಬೆನ್ನು ತಿರುಗಿಸಿ ಗೇಟಿನ ಕಡೆ ನಡೆದುಬಿಟ್ಟರು.

ಕಾರು ಬಂತು. ಹರೇಶ್ ಇಳಿದು ಬಾಗಿಲು ತೆರೆದು ಹಿಡಿದ. ಹಿಂದೆ ಈಶ್ವರಿ, ಸೊಸೆ, ನೆಂಟರೆಲ್ಲ ಬೀಳ್ಕೊಡಲು ನಿಂತಿದ್ದರು.

"ದಾದಾ, ಈ ಭಾನುವಾರ ಎಷ್ಟು ಹೊತ್ತಿಗೆ ಬರ್ಲಿ ನಿಮ್ಮನ್ನ ಕರ್ಕೊಂಡು ಹೋಗೋಕೆ?"

ದಿಲೇಂದ್ರರು ನಂಬರಿನ ಕನ್ನಡಕ ತೆಗೆದು ಕಪ್ಪು ಕನ್ನಡಕ ಹಾಕಿಕೊಂಡರು. ಎದುರಿನ ಮುಖಗಳೆಲ್ಲ ಮಬ್ಬಾದವು, ಹೇಳುವುದು ಸುಲಭವಾಯಿತು.

"ಭಾನುವಾರ ಶೂಟಿಂಗ್ ಇದೆಯಪ್ಪ. ಹೊಸ ಚಿತ್ರ. ತಾತನ ಪಾತ್ರ."

"ಮುಂದಿನ ಭಾನುವಾರ?"

"ಎಲ್ಲ ಭಾನುವಾರಾನೂ."

ಹರೇಶನ ಮುಖ ಅರಳಿತು. ನೆಂಟರೆಲ್ಲ ಮುಗಿಬಿದ್ದು ಅವರ ಕೈ ಕುಲುಕಿ ಶುಭಾಶಯ ಹೇಳಿದರು.