ಒಂಬತ್ತನೇ ನಂಬರಿನ ಬೆನ್ನ ಹಿಂದೆ

ಫುಟ್‌ಬಾಲ್ ಮೈದಾನದಲ್ಲಿ ಇಪ್ಪತ್ತೆರಡು ಜನ ಇರುತ್ತಾರೆ ಎಂದು ನೀವು ನಂಬಿದ್ದರೆ, ಪಾಪ, ನೀವು ನನ್ನ ಸೋದರಮಾವನ ಜೊತೆ ಕೂತು ಪಂದ್ಯ ನೋಡಿಲ್ಲ! ಅವನ ಲೆಕ್ಕದಲ್ಲಿ ಕೆಲವೊಮ್ಮೆ ಮೂವತ್ತು ಜನ, ಕೆಲವೊಮ್ಮೆ ಐವತ್ತು. ಹೆಚ್ಚುವರಿಯಾದವರೆಲ್ಲ ಸತ್ತವರು.

ಮಾಮಾ ನಿಪ್ಪಾಣಿಯ ವಖಾರಿಯೊಂದರಲ್ಲಿ, ಅಂದರೆ ಗೋದಾಮಿನಲ್ಲಿ, ತಂಬಾಕಿನ ಎಲೆ ಮೂಸಿ ದರ್ಜೆ ಹೇಳುತ್ತಿದ್ದ. ವಾರವಿಡೀ ಸೀನು, ಭಾನುವಾರ ಗೋಲ್‌ಕೀಪರ್. ಅವನ ಸಿದ್ಧಾಂತ ಒಂದೇ. "ದೇಶಕ್ಕಂತ ಆಡೋರ ಬೆನ್ನ ಹಿಂದ ಅವರ ಮನಿಯ ಸತ್ತ ಮಂದಿ ಬಂದು ನಿಂತಿರ್ತಾರ. ರೊಕ್ಕಕ್ಕಂತ ಆಡೋರ ಹಿಂದ ಯಾರೂ ಇರಂಗಿಲ್ಲ. ಬರೇ ಗಾಳಿ!"

ತೊಂಬತ್ತರ ವಿಶ್ವಕಪ್ಪಿನ ಹೊತ್ತಿಗೆ ಇದು ಓಣಿಗೆಲ್ಲ ಗೊತ್ತಾಗಿತ್ತು. ಟಿವಿಯಲ್ಲಿ ಎರಡೂ ದೇಶದವರು ಸಾಲಾಗಿ ನಿಂತಾಗ ಮಾಮಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದ. "ಈ ಗಿಡ್ಡನ ಹಿಂದ ಒಬ್ಬ ಮುದುಕ ಅದಾನ, ಕೈಯಾಗ ಬುಟ್ಟಿ. ಈ ಚೆಲುವನ ಹಿಂದ ಯಾರೂ ಇಲ್ಲ." ನಾವು ನಗುತ್ತಿದ್ದೆವು. ಆದರೆ ಚೆಲುವ ಚೆಂಡನ್ನು ಆಕಾಶಕ್ಕೆ ಒದ್ದಾಗ, ಗಿಡ್ಡ ಗೋಲು ಹೊಡೆದಾಗ, ನಗು ಸ್ವಲ್ಪ ತಣ್ಣಗಾಗುತ್ತಿತ್ತು. ಬಾಜಿ ಕಟ್ಟುವವರು ಮನೆಗೇ ಬರತೊಡಗಿದರು. "ಸತ್ತೋರ ಮ್ಯಾಲ ಜುಗಾರ ಆಡ್ತೀರೇನ್ರಲೇ?" ಎಂದು ಮಾಮಾ ಚಪ್ಪಲಿ ಹುಡುಕಿದ.

ಒಮ್ಮೆ ಮಾಮಿ ಚಹಾ ಕೊಡುತ್ತ ಕೇಳಿದಳು: "ನನ್ನ ಹಿಂದ ಯಾರದಾರ್ರಿ?"

"ನಿಮ್ಮವ್ವ. ಇನ್ನೂ ನನಗ ಬೈಯಾಕತ್ತಾಳ."

ಮಾಮಿ ನಕ್ಕಳು. ಆಮೇಲೆ ಒಂದು ವಾರ ಆಕೆ ಗೋಡೆಗೆ ಬೆನ್ನು ಹಚ್ಚಿಯೇ ಕೂತಳು.

ಎರಡು ವರ್ಷದ ನಂತರ ಊರಿನ ತಂಬಾಕಿನ ಸಾವಕಾರರೊಬ್ಬರಿಗೆ ಒಂದು ಹುಕಿ ಬಂತು. ಬೆಳಗಾವಿಯಲ್ಲಿ ಓದಲು ಬಂದಿದ್ದ ಆಫ್ರಿಕಾದ ಹುಡುಗರನ್ನು ಕರೆಸಿ, 'ಭಾರತ ವಿರುದ್ಧ ಆಫ್ರಿಕಾ, ಅಂತರರಾಷ್ಟ್ರೀಯ ಪಂದ್ಯ' ಎಂದು ಗೋಡೆಗೋಡೆಗೆ ಬರೆಸಿಬಿಟ್ಟರು. ಭಾರತ ಅಂದರೆ ಯಾರು? ವಖಾರಿಯ ಹಮಾಲರು, ಇಬ್ಬರು ಮಾಸ್ತರರು, ಗೋಲಿನಲ್ಲಿ ನಲವತ್ತೆಂಟು ವರ್ಷದ ಮಾಮಾ! ಆಡಿದವರಿಗೆಲ್ಲ ರೊಕ್ಕ. ಮಾಮಾ ಮಾತ್ರ ಒಲ್ಲೆನೆಂದ. "ದೇಶದ ಹೆಸರು ಹಚ್ಚೀರಿ. ರೊಕ್ಕ ಮುಟ್ಟಂಗಿಲ್ಲ." ನಾನು ಆಗ ಚಿಕ್ಕೋಡಿಯಲ್ಲಿ ಇಂಗ್ಲಿಷ್ ಮಾಸ್ತರ, ಹಾಗಾಗಿ ಅತಿಥಿಗಳಿಗೆ ದುಭಾಷಿ.

ಅಕ್ಕೋಳ ರಸ್ತೆಯ ಬಯಲಿನಲ್ಲಿ ಬೆಳಿಗ್ಗೆ ಪಂದ್ಯ. ಮಂಜು ಎಷ್ಟಿತ್ತೆಂದರೆ ಆಚೆಯ ಗೋಲುಕಂಬ ಕಾಣುತ್ತಿರಲಿಲ್ಲ. ಚೆಂಡಿನ ಸದ್ದು ಮೊದಲು, ಚೆಂಡು ಆಮೇಲೆ. ಆಟಗಾರರು ಬಿಳಿಯೊಳಗಿಂದ ಮೂಡುತ್ತಿದ್ದರು, ಬಿಳಿಯೊಳಗೆ ಕರಗುತ್ತಿದ್ದರು. ಆಫ್ರಿಕಾದವರಲ್ಲಿ ಒಂಬತ್ತನೇ ನಂಬರಿನವನು ತನ್ನ ದೇಶದ ಅಂಗಿ ತೊಟ್ಟ, ಎತ್ತರದ ತೆಳ್ಳನೆಯ ಹುಡುಗ. ಎರಡು ಗೋಲು ಹೊಡೆದು, ಮೂರನೆಯದಕ್ಕೆ ಒಬ್ಬನೇ ಮಾಮಾನ ಎದುರು ಬಂದ.

ಮಾಮಾ ಕದಲಲಿಲ್ಲ. ಅವನು ಚೆಂಡನ್ನೇ ನೋಡುತ್ತಿರಲಿಲ್ಲ. ಹುಡುಗನ ಹೆಗಲಾಚೆ ನೋಡುತ್ತಿದ್ದ. ಚೆಂಡು ಅವನ ಕಾಲ ಪಕ್ಕದಲ್ಲೇ ಹಾದು ಒಳಗೆ ಹೋಯಿತು. "ಮುದುಕ ನಿದ್ದಿ ಹೊಡದಾನೋ!" ಎಂದು ಜನ ಕೂಗಿದರು.

ಪಂದ್ಯ ಮುಗಿದದ್ದೇ ತಡ, ಮಾಮಾ ನನ್ನ ತೋಳು ಹಿಡಿದು ಹುಡುಗನ ಬಳಿ ಎಳೆದೊಯ್ದ. "ಕೇಳಿವನ್ನ. ತಲಿಗೆ ಹಸರ ಅರಿವಿ ಸುತ್ತಿಕೊಂಡಾಕಿ, ಬಲಗಾಲು ಎಳೀತಾಳ. ಯಾರಾಕಿ?"

ನಾನು ನಗುತ್ತಲೇ ಇಂಗ್ಲಿಷಿಗೆ ತಿರುಗಿಸಿದೆ. ಹುಡುಗ ನಗಲಿಲ್ಲ. ನಿಧಾನವಾಗಿ ಹಿಂದಿರುಗಿ ನೋಡಿದ. ಅಲ್ಲಿ ಮಂಜು ಮಾತ್ರ ಇತ್ತು.

"ನನ್ನ ತಾಯಿ," ಎಂದ. "ಆದರೆ ಆಕೆ ಬದುಕಿದ್ದಾಳೆ. ಕಾಯಿಲೆ ಅಂತ ಹೋದ ತಿಂಗಳು ಪತ್ರ ಬಂದಿತ್ತು."

ಮಾಮಾನಿಗೆ ಕಾಣುತ್ತಿದ್ದವರು ಸತ್ತವರಷ್ಟೇ. ನಾನು ಹುಡುಗನ ಮಾತನ್ನು ಕನ್ನಡದಲ್ಲಿ ಹೇಳಿದೆ. ಮಾಮಾ ಮತ್ತೊಮ್ಮೆ ಹುಡುಗನ ಹೆಗಲಾಚೆ ನೋಡಿ, "ಜೀವಂತ ಇದ್ದೋರೂ ಕಾಣ್ತಾರಂತ ಹೇಳವಗ," ಎಂದ. ಆ ಮಾತನ್ನು ಅವನ ಬಾಯಲ್ಲಿ ನಾನು ಮೊದಲ ಬಾರಿ ಕೇಳಿದ್ದು.

ಆಮೇಲೆ ನನ್ನಿಂದ ಇನ್ನೊಂದು ಕೇಳಿಸಿದ: "ನಿನ್ನ ದೇಶದ ಅಂಗಿ ತೊಟ್ಟು ರೊಕ್ಕಕ್ಕ ಯಾಕ ಆಡ್ತಿ?"

ಹುಡುಗ ಅಂಗಿಯ ತುದಿ ಹಿಂಡುತ್ತ ಹೇಳಿದ: "ಈ ರೊಕ್ಕ ಇಲ್ಲದೆ ನನ್ನ ದೇಶಕ್ಕೆ ಹೋಗೋದು ಹೇಗೆ? ಅರ್ಧ ಟಿಕೆಟ್ಟಿಗಾಗುವಷ್ಟು ಕೂಡಿಸಿದ್ದೇನೆ."

ಮಾಮಾನ ಇಷ್ಟು ವರ್ಷದ ಸಿದ್ಧಾಂತ ಆ ಬಯಲಲ್ಲಿ ಮಂಡಿಯೂರಿತು. ಅವನು ನೆಟ್ಟಗೆ ಸಾವಕಾರರ ಕುರ್ಚಿಯ ಮುಂದೆ ಹೋಗಿ ಕೈ ಚಾಚಿದ. "ನನ್ನ ಪಾಲಿಂದು ಕೊಡ್ರಿ." ಸಾವಕಾರರು ಕಣ್ಣರಳಿಸಿದರು. ಅಷ್ಟಕ್ಕೆ ಬಿಟ್ಟನೇ? ತಲೆಯ ಟೋಪಿ ತೆಗೆದು 'ಭಾರತ'ದ ಉಳಿದ ಹತ್ತೂ ಮಂದಿಯ ಮುಂದೆ ಹಿಡಿದ. ಗೊಣಗಿದವರೂ ಹಾಕಿದರು. ಕೊನೆಗೆ ಸಾವಕಾರರೂ ಕೋಟಿನ ಒಳಗಿನ ಕಿಸೆಗೆ ಕೈ ಹಾಕಿದರು.

ಆ ರೊಕ್ಕದಿಂದ ವಿಮಾನದ ಟಿಕೆಟ್ಟು ಕೊಂಡು, ಮುಂದಿನ ವಾರ ಹುಡುಗ ಬೆಳಗಾವಿಯಿಂದ ರೈಲು ಹತ್ತಿದ. ಗಾಡಿ ಕುಡಚಿಯಲ್ಲಿ ನಿಲ್ಲುತ್ತದೆಂದು ಮಾಮಾ ನನ್ನನ್ನೂ ಎಳೆದುಕೊಂಡು, ರಾಯಬಾಗದ ಮೇಲೆ ಹಾದು ಮಧ್ಯಾಹ್ನ ಸ್ಟೇಶನ್ನಿಗೆ ಬಂದ. ಕೈಯಲ್ಲಿ ಮಾಮಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟು. ಹುಡುಗ ಕೆಳಗಿಳಿದು ಗಂಟನ್ನು ಎದೆಗೆ ಅವಚಿಕೊಂಡ. ಸಿಳ್ಳು ಕೇಳಿತು. ಮೆಟ್ಟಿಲು ಹತ್ತುವ ಮುನ್ನ ಸಣ್ಣ ದನಿಯಲ್ಲಿ ನನಗೆ, "ಅವರನ್ನು ಕೇಳಿ, ಆಕೆ ಈಗಲೂ ಇದ್ದಾಳಾ?" ಎಂದ.

ಮಾಮಾ ಅವನ ಹೆಗಲ ಮೇಲೆ ಕೈಯಿಟ್ಟು, ಹಿಂದಕ್ಕೆ ದಿಟ್ಟಿಸಿದ.

"ಅದಾಳ. ನಗಾಕತ್ತಾಳ. ಲಗೂನ ಬಾ ಅಂತಾಳ."

ಗಾಡಿ ಕೃಷ್ಣೆಯ ಸೇತುವೆಯತ್ತ ಸಾಗಿ ಕಣ್ಮರೆಯಾಯಿತು. ಮಾಮಾ ಅಲ್ಲೇ ನಿಂತಿದ್ದ.

"ಮಾಮಾ, ಖರೇನ ನಕ್ಕಳೇನು ಆಕಿ?"

"ಯಾರಿಗೊತ್ತಲೇ," ಎಂದ ಮಾಮಾ, ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ. "ಕಣ್ಣತುಂಬ ನೀರು ಬಂದಿತ್ತು. ಏನೂ ಕಾಣಲಿಲ್ಲ ನನಗ."